ಕನೆಕ್ಟಿಂಗ್ ಫ್ಲೈಟ್ ತಪ್ಪಿದರೆ: ದಾವಣಗೆರೆಯಲ್ಲಿ ಕೂತು ಟಿಕೆಟ್ ಸರಿಮಾಡುವ ಬಗೆ

ಅಮೆರಿಕ, ಯುರೋಪಿನಲ್ಲಿರುವ ಮಕ್ಕಳನ್ನು ನೋಡಲು ಹೊರಡುವ ಅಪ್ಪ-ಅಮ್ಮಂದಿರಿಗೆ ದಾವಣಗೆರೆ, ಚಿತ್ರದುರ್ಗದಲ್ಲಿ ಟಿಕೆಟ್ ಮಾಡಿಕೊಡುವುದು ನನ್ನ ಕೆಲಸ. ಹೋಗುವವರಲ್ಲಿ ಬಹಳಷ್ಟು ಜನ ವಯಸ್ಸಾದವರು, ಇಂಗ್ಲಿಷ್ ಮಾತಾಡಿ ರೂಢಿ ಇಲ್ಲದವರು. ಬೆಂಗಳೂರಿನಿಂದ ವಿಮಾನ ಮೂರು ತಾಸು ತಡವಾಗಿ ಎದ್ದರೆ ನಡುವಿನ ನಿಲ್ದಾಣದಲ್ಲಿ ಮುಂದಿನ ವಿಮಾನ ಕೈತಪ್ಪುತ್ತದೆ. ಅದೇ ವಿಮಾನದಿಂದ ಇಳಿದ ಎಲ್ಲರೂ ಒಂದೇ ಕೌಂಟರ್ ಮುಂದೆ ನಿಂತಿರುತ್ತಾರೆ. ಆ ಹೊತ್ತಿನಲ್ಲಿ ಸಾಲಿನಲ್ಲಿ ನಿಂತವರಿಗಿಂತ ಊರಲ್ಲಿ ಫೋನ್ ಹಿಡಿದು ಕೂತವರು ಬೇಗ ದಾರಿ ಹುಡುಕಬಹುದು. ಆದರೆ ಟಿಕೆಟ್ ಮಾಡಿದ ದಿನವೇ ಕೆಲವು ವಿಷಯ ಸರಿಯಾಗಿದ್ದರೆ ಮಾತ್ರ.

ಎಲ್ಲಕ್ಕಿಂತ ಮುಖ್ಯ, ಪೂರ್ತಿ ಪ್ರಯಾಣ ಒಂದೇ ಟಿಕೆಟ್‌ನಲ್ಲಿ ಇರಬೇಕು. ಪಿಎನ್‌ಆರ್ ಒಂದೇ ಇದೆಯಾ ಎಂದಷ್ಟೇ ಜನ ನೋಡುತ್ತಾರೆ. ನಾನು ನೋಡುವುದು ಟಿಕೆಟ್ ನಂಬರ್. ಅದು 13 ಅಂಕಿಯದು, ಮೊದಲ ಮೂರು ಅಂಕಿ ಏರ್‌ಲೈನ್‌ನ ಗುರುತು: ಏರ್ ಇಂಡಿಯಾಕ್ಕೆ 098, ಎಮಿರೇಟ್ಸ್‌ಗೆ 176, ಲುಫ್ತಾನ್ಸಾಗೆ 220. ಒಂದು ಟಿಕೆಟ್ ನಂಬರಿನಲ್ಲಿ ನಾಲ್ಕು ಹಂತದ ಪ್ರಯಾಣ ಹಿಡಿಯುತ್ತದೆ. ಅದಕ್ಕಿಂತ ಹೆಚ್ಚಿದ್ದರೆ ಅದರ ಮುಂದಿನ ನಂಬರ್ ಜೋಡಿಯಾಗಿ ಬರುತ್ತದೆ, ಅದು ಒಂದೇ ಟಿಕೆಟ್ ಎಂದೇ ಲೆಕ್ಕ. ಹಂತಕ್ಕೊಂದು ಸಂಬಂಧವಿಲ್ಲದ ನಂಬರ್ ಕಂಡರೆ ಅವು ಬೇರೆ ಬೇರೆ ಟಿಕೆಟ್. ಕೆಲವು ವೆಬ್‌ಸೈಟುಗಳು ‘ಸೆಲ್ಫ್ ಟ್ರಾನ್ಸ್‌ಫರ್’ ಎಂದು ಸಣ್ಣ ಅಕ್ಷರದಲ್ಲಿ ಹಾಕಿ ಇಂಥದ್ದನ್ನು ಅಗ್ಗಕ್ಕೆ ಕೊಡುತ್ತವೆ. ಮೊದಲ ವಿಮಾನ ತಡವಾದರೆ ಎರಡನೆಯ ಏರ್‌ಲೈನ್ ಕಣ್ಣಲ್ಲಿ ನೀವು ಬಾರದೇ ಹೋದ ಪ್ರಯಾಣಿಕರು, ಅಷ್ಟೇ. ದುಡ್ಡು ಹೋಯಿತು, ಅದೇ ಟಿಕೆಟ್‌ನಲ್ಲಿದ್ದ ವಾಪಸ್ ಪ್ರಯಾಣವೂ ರದ್ದಾಗಬಹುದು. ಮೇಲಾಗಿ ಲಗೇಜು ನಡುವೆ ಇಳಿಸಿಕೊಂಡು ಮತ್ತೆ ಕೊಡಬೇಕು. ಅದಕ್ಕೆ ಆ ದೇಶದೊಳಗೆ ಹೋಗಬೇಕು, ಹೋಗಲು ವೀಸಾ ಬೇಕು. ವಯಸ್ಸಾದವರಿಗೆ ಇಂಥ ಟಿಕೆಟ್ ನಾನು ಮಾಡುವುದೇ ಇಲ್ಲ, ಎಷ್ಟೇ ಒತ್ತಾಯ ಮಾಡಲಿ.

ಎರಡನೆಯದು ನಡುವಿನ ಸಮಯ. ಪ್ರತಿ ವಿಮಾನ ನಿಲ್ದಾಣಕ್ಕೂ ‘ಮಿನಿಮಮ್ ಕನೆಕ್ಷನ್ ಟೈಮ್’, ಅಂದರೆ ವಿಮಾನ ಬದಲಿಸಲು ಕನಿಷ್ಠ ಎಷ್ಟು ಸಮಯ ಬೇಕು ಎಂದು ಒಂದು ಲೆಕ್ಕ ಇದೆ. ಫ್ರಾಂಕ್‌ಫರ್ಟ್‌ಗೆ ಸಾಮಾನ್ಯವಾಗಿ 45 ನಿಮಿಷ. ಅದಕ್ಕಿಂತ ಹತ್ತು ನಿಮಿಷ ಜಾಸ್ತಿ ಇದ್ದರೂ ಕಂಪ್ಯೂಟರ್ ಟಿಕೆಟ್ ಮಾರುತ್ತದೆ. ಆ ಲೆಕ್ಕ ಓಡಾಡಬಲ್ಲವರದು. ವೀಲ್‌ಚೇರ್ ಕೇಳಿದವರು ವಿಮಾನದಿಂದ ಇಳಿಯುವುದೇ ಕಟ್ಟಕಡೆಗೆ. ಬಾಗಿಲಲ್ಲಿ ತಳ್ಳುವವರಿಗಾಗಿ ಕಾಯಬೇಕು, ಆಮೇಲೆ ಸಹಾಯದ ಕೊಠಡಿಯಲ್ಲಿ ಇನ್ನೊಬ್ಬರು ಬಂದು ಕರೆದೊಯ್ಯುವವರೆಗೂ ಕೂರಬೇಕು. ಹಾಗಾಗಿ ನನ್ನ ಲೆಕ್ಕ ಮೂರು ತಾಸು. ಅಮೆರಿಕದಲ್ಲಿ ಮೊದಲು ಇಳಿಯುವ ಊರಿನಿಂದ ಮತ್ತೊಂದು ಒಳನಾಡು ವಿಮಾನ ಇದ್ದರೆ ಅಲ್ಲಿಯೂ ಮೂರು ತಾಸೇ. ಕಾರಣ, ಲಗೇಜಿನ ಚೀಟಿಯಲ್ಲಿ ಕೊನೆಯ ಊರೇ ಬರೆದಿದ್ದರೂ ಮೊದಲ ನಿಲ್ದಾಣದಲ್ಲೇ ಇಮಿಗ್ರೇಷನ್ ಮುಗಿಸಿ, ಬೆಲ್ಟ್‌ನಿಂದ ಪೆಟ್ಟಿಗೆ ಎತ್ತಿಕೊಂಡು, ಕಸ್ಟಮ್ಸ್ ದಾಟಿ, ಹೊರಗಿನ ಕೌಂಟರ್‌ನಲ್ಲಿ ಮತ್ತೆ ಕೊಡಬೇಕಾಗುತ್ತದೆ. ಅಬುಧಾಬಿಯಿಂದ ಅಮೆರಿಕಕ್ಕೆ ನೇರ ಹೋಗುವ ವಿಮಾನವಾದರೆ ಅಮೆರಿಕದ ಇಮಿಗ್ರೇಷನ್ ತಪಾಸಣೆ ಅಬುಧಾಬಿಯಲ್ಲೇ ಮುಗಿಯುತ್ತದೆ. ಕ್ಯೂ ಅಲ್ಲಿ ನಿಲ್ಲಬೇಕು, ಆದ್ದರಿಂದ ಸಮಯವನ್ನೂ ಅಲ್ಲಿಯೇ ಇಡಬೇಕು.

ಇನ್ನೊಂದು ಸಂಗತಿ ಬಹಳ ಜನ ಗಮನಿಸುವುದಿಲ್ಲ. ಮುಂದಿನ ವಿಮಾನ ಆ ದಿನದ ಕೊನೆಯದ್ದಾಗಿರಬಾರದು. ಅದೇ ಊರಿಗೆ ಆಮೇಲೆ ಇನ್ನೊಂದು ವಿಮಾನ ಇದ್ದರೆ ತಪ್ಪಿದಾಗ ಐದಾರು ತಾಸಿನ ಮಾತು. ಇಲ್ಲದಿದ್ದರೆ ರಾತ್ರಿ ಅಲ್ಲಿಯೇ.

ಬುಕಿಂಗ್‌ನಲ್ಲಿ ಕೊಡುವ ಮೊಬೈಲ್ ನಂಬರೂ ಅಷ್ಟೇ ಮುಖ್ಯ. ಏಜೆಂಟ್ ತನ್ನ ನಂಬರ್ ಮಾತ್ರ ಹಾಕಿದ್ದರೆ ತಡವಾದ ಸುದ್ದಿ ಅವನಿಗಷ್ಟೇ ಹೋಗುತ್ತದೆ. ಅಪ್ಪ-ಅಮ್ಮನ ನಂಬರ್ ಹಾಕಿದರೆ ಫೋನ್ ಆಫ್ ಆಗಿರುತ್ತದೆ, ಇಲ್ಲವೇ ರೋಮಿಂಗ್ ಇರುವುದಿಲ್ಲ. ಅಲ್ಲಿರುವ ಮಗ ಅಥವಾ ಮಗಳ ನಂಬರ್, ಇಮೇಲ್ ಎರಡನ್ನೂ ಸೇರಿಸಿಯೇ ನಾನು ಟಿಕೆಟ್ ಕೊಡುವುದು. ಅವರ ಫೋನಿನಲ್ಲಿ ಏರ್‌ಲೈನ್ ಆಪ್ ಹಾಕಿ ಬುಕಿಂಗ್ ತೆರೆದು ನೋಡಿದ್ದಾರಾ ಎಂದು ಹೊರಡುವ ವಾರ ಕೇಳುತ್ತೇನೆ.

ದಾವಣಗೆರೆಯಿಂದ ಬೆಂಗಳೂರು ನಿಲ್ದಾಣದ ದಾರಿ ಹೆಚ್ಚು ಹೇಳುವಂಥದ್ದಲ್ಲ. ವಿಮಾನ 15ನೇ ತಾರೀಕು ಬೆಳಗಿನ ಜಾವ ಮೂರಕ್ಕೆ ಎಂದಿದ್ದರೆ ಮನೆ ಬಿಡುವುದು 14ರ ಮಧ್ಯಾಹ್ನ. ತಾರೀಕಿನ ಈ ಗೊಂದಲದಲ್ಲಿ ವಿಮಾನ ತಪ್ಪಿಸಿಕೊಳ್ಳುವವರು ಇದ್ದಾರೆ. ಹಿರಿಯೂರು, ಶಿರಾ, ತುಮಕೂರು ದಾಟಿ ಡಾಬಸ್‌ಪೇಟೆಯಲ್ಲಿ ಎಡಕ್ಕೆ ತಿರುಗಿ ದೊಡ್ಡಬಳ್ಳಾಪುರದ ಮೇಲೆ ದೇವನಹಳ್ಳಿ ಸೇರಿದರೆ ನೆಲಮಂಗಲದ ಟ್ರಾಫಿಕ್ ತಪ್ಪುತ್ತದೆ. ಅಂತರರಾಷ್ಟ್ರೀಯ ವಿಮಾನಗಳು 2023ರ ಸೆಪ್ಟೆಂಬರಿನಿಂದ ಟರ್ಮಿನಲ್ 2ರಲ್ಲಿ. ಶಿವಮೊಗ್ಗದಿಂದಲೋ ಹುಬ್ಬಳ್ಳಿಯಿಂದಲೋ ಬೇರೆ ಟಿಕೆಟ್‌ನಲ್ಲಿ ಬೆಂಗಳೂರಿಗೆ ಹಾರಿ ಅಲ್ಲಿಂದ ವಿದೇಶದ ವಿಮಾನ ಹಿಡಿಯುವುದೂ ಮೇಲೆ ಹೇಳಿದ ಸೆಲ್ಫ್ ಟ್ರಾನ್ಸ್‌ಫರೇ ಎನ್ನುವುದು ನೆನಪಿರಲಿ.

ಹೊರಡುವ ದಿನ ಸಂಜೆ ನಾನು ನೋಡುವುದು ನಮ್ಮ ವಿಮಾನದ ಸಮಯವನ್ನಲ್ಲ, ಬೆಂಗಳೂರಿಗೆ ಬರುತ್ತಿರುವ ವಿಮಾನವನ್ನು. ಯುರೋಪಿನಿಂದ ರಾತ್ರಿ ಬಂದಿಳಿಯುವ ವಿಮಾನವೇ ಒಂದೆರಡು ತಾಸಿನಲ್ಲಿ ತಿರುಗಿ ಹೊರಡುವುದು. ವಿಮಾನಗಳು ಎಲ್ಲಿವೆ ಎಂದು ತೋರಿಸುವ ಫ್ಲೈಟ್‌ರಾಡಾರ್24 ಆಪ್‌ನಲ್ಲಿ ಅದು ಅಲ್ಲಿಂದ ಎಷ್ಟು ಹೊತ್ತಿಗೆ ಎದ್ದಿದೆ ಎಂದು ನೋಡಿದರೆ, ಏರ್‌ಲೈನ್ ‘ಆನ್ ಟೈಮ್’ ಎಂದು ತೋರಿಸುತ್ತಿರುವಾಗಲೇ ನಮಗೆ ತಡ ಗೊತ್ತಾಗುತ್ತದೆ. ತುಮಕೂರು ದಾಟುವ ಮೊದಲೇ ಮಗನಿಗೆ ಫೋನ್ ಮಾಡಿ ಬೇರೆ ದಾರಿ ಹುಡುಕಲು ಹೇಳಬಹುದು.

ಮುಂದಿನ ವಿಮಾನ ತಪ್ಪುವುದು ಖಚಿತವಾದರೆ ಬೆಂಗಳೂರಲ್ಲೇ ಟಿಕೆಟ್ ಬದಲಿಸಿಕೊಳ್ಳಿ. ‘ಮೊದಲು ಅಲ್ಲಿಗೆ ಹೋಗಿ, ಅಲ್ಲಿ ನೋಡಿಕೊಳ್ತಾರೆ’ ಎಂದು ಚೆಕ್-ಇನ್‌ನಲ್ಲಿ ಹೇಳಿದರೆ ಒಪ್ಪಬೇಡಿ. ಇಲ್ಲಿ ತಡವಾದರೆ ನಮ್ಮ ಭಾಷೆ, ನಮ್ಮ ಊಟ, ನೆಂಟರ ಮನೆ ಇದೆ. ಭಾರತದ ವಿಮಾನಯಾನ ನಿಯಂತ್ರಕ ಡಿಜಿಸಿಎ ನಿಯಮದ ಪ್ರಕಾರ ಆರು ತಾಸಿಗಿಂತ ಹೆಚ್ಚು ತಡವಾದರೆ ಬೇರೆ ವಿಮಾನ ಅಥವಾ ಪೂರ್ತಿ ಹಣ ವಾಪಸ್ ಕೇಳಬಹುದು. ರಾತ್ರಿ ಎಂಟರಿಂದ ಬೆಳಗಿನ ಜಾವ ಮೂರರ ನಡುವೆ ಹೊರಡಬೇಕಿದ್ದ ವಿಮಾನ ಆರು ತಾಸಿಗಿಂತ ಹೆಚ್ಚು ತಡವಾದರೆ ಹೋಟೆಲ್ ಕೊಡಬೇಕು. ಇಮಿಗ್ರೇಷನ್ ಸ್ಟಾಂಪ್ ಬಿದ್ದ ಮೇಲೆ ಹೊರಗೆ ಬರಬೇಕೆಂದರೆ ಏರ್‌ಲೈನ್ ಸಿಬ್ಬಂದಿಯೇ ಜೊತೆಗೆ ಬಂದು ಆ ಸ್ಟಾಂಪ್ ರದ್ದು ಮಾಡಿಸಬೇಕು. ತಾವಾಗಿಯೇ ಹೊರಡಲು ಆಗದು.

ಇನ್ನು ನಡುವಿನ ನಿಲ್ದಾಣ. ಇಲ್ಲಿ ಭಾರತೀಯ ಪಾಸ್‌ಪೋರ್ಟ್ ಇರುವವರಿಗೆ ಬರುವ ತೊಡಕು ಕೌಂಟರ್‌ನವರಿಗೂ ತಕ್ಷಣ ಹೊಳೆಯುವುದಿಲ್ಲ. ಬೆಂಗಳೂರು–ಫ್ರಾಂಕ್‌ಫರ್ಟ್–ಶಿಕಾಗೋ ಎಂದಿಟ್ಟುಕೊಳ್ಳಿ. ಚಾಲ್ತಿಯಲ್ಲಿರುವ ಅಮೆರಿಕ ವೀಸಾ ಇದ್ದವರು ಫ್ರಾಂಕ್‌ಫರ್ಟ್‌ನ ಟ್ರಾನ್ಸಿಟ್ ಜಾಗದೊಳಗೇ ವಿಮಾನ ಬದಲಿಸಬಹುದು. ಆದರೆ ಷೆಂಗೆನ್ ವೀಸಾ (ಯುರೋಪಿನ ಹಲವು ದೇಶಗಳಿಗೆ ಒಟ್ಟಿಗೆ ಸಲ್ಲುವ ವೀಸಾ) ಇಲ್ಲದೆ ಹೊರಗೆ ಕಾಲಿಡುವಂತಿಲ್ಲ. ಶಿಕಾಗೋ ವಿಮಾನ ತಪ್ಪಿದಾಗ ಕಂಪ್ಯೂಟರ್ ತಾನಾಗಿಯೇ ಫ್ರಾಂಕ್‌ಫರ್ಟ್–ಜ್ಯೂರಿಕ್–ಶಿಕಾಗೋ ಎಂದು ಹೊಸ ಟಿಕೆಟ್ ಕೊಡಬಹುದು. ಜರ್ಮನಿ, ಸ್ವಿಟ್ಜರ್‌ಲೆಂಡ್ ಎರಡೂ ಷೆಂಗೆನ್ ಒಳಗಿನವು. ನಡುವಿನ ಆ ವಿಮಾನ ಹತ್ತಲು ಜರ್ಮನಿಯ ಗಡಿ ದಾಟಬೇಕು. ವೀಸಾ ಇಲ್ಲದವರನ್ನು ಅಲ್ಲಿ ತಡೆಯುತ್ತಾರೆ, ಅಷ್ಟರಲ್ಲಿ ಇನ್ನೊಂದು ವಿಮಾನವೂ ಹೋಗಿರುತ್ತದೆ. ಗೇಟ್ ನಂಬರಿನಲ್ಲೂ ಇದು ಕಾಣುತ್ತದೆ. ಫ್ರಾಂಕ್‌ಫರ್ಟ್‌ನ ಟರ್ಮಿನಲ್ 1ರಲ್ಲಿ ‘ಎ’ ಗೇಟುಗಳು ಷೆಂಗೆನ್ ಒಳಗಿನ ಪ್ರಯಾಣಕ್ಕೆ, ಅವುಗಳ ಸರಿ ಮೇಲಿನ ಮಹಡಿಯ ‘ಝಡ್’ ಗೇಟುಗಳು ಹೊರದೇಶದ ವಿಮಾನಕ್ಕೆ. ಹೊಸ ಬೋರ್ಡಿಂಗ್ ಪಾಸ್‌ನಲ್ಲಿ ‘ಎ’ ಎಂದಿದ್ದರೆ ಅಲ್ಲಿಂದ ಕದಲುವ ಮೊದಲೇ ವಾಪಸ್ ಕೊಟ್ಟು ಬದಲಿಸಿಕೊಳ್ಳಬೇಕು.

ಟೊರಾಂಟೊ ಮೂಲಕ ಕಳಿಸುತ್ತೇವೆ ಎಂದರೂ ಬೇಡ, ಕೆನಡಾದ ವೀಸಾ ಬೇಕಾಗುತ್ತದೆ. ಅಮೆರಿಕದ ಬೇರೆ ಯಾವುದಾದರೂ ಊರಿಗೆ ನೇರ ವಿಮಾನ ಕೇಳಿ, ಅಲ್ಲಿಂದ ಒಳನಾಡಿನ ವಿಮಾನದಲ್ಲಿ ಶಿಕಾಗೋ ಸೇರುವುದೇ ಸುರಕ್ಷಿತ. ನ್ಯೂಯಾರ್ಕ್, ವಾಷಿಂಗ್ಟನ್, ಯಾವುದಾದರೂ ಸರಿ. ಲಂಡನ್ ಮೂಲಕ ಒಳಗಿಂದೊಳಗೇ ವಿಮಾನ ಬದಲಿಸುವುದೂ ಅಮೆರಿಕ ವೀಸಾ ಇದ್ದವರಿಗೆ ನಡೆಯುತ್ತದೆ. ಟ್ರಾನ್ಸಿಟ್ ವೀಸಾ ನಿಯಮಗಳನ್ನು ದೇಶಗಳು ಆಗಾಗ ಬದಲಿಸುತ್ತವೆ, ಹೊರಡುವ ವಾರ ಆಯಾ ರಾಯಭಾರ ಕಚೇರಿಯ ಪುಟ ನೋಡುವುದು ತಪ್ಪಬಾರದು. ಈ ತೊಡಕಿನಿಂದಾಗಿಯೇ, ದರ ತುಸು ಹೆಚ್ಚಾದರೂ, ಯುರೋಪ್ ವೀಸಾ ಇಲ್ಲದ ಹಿರಿಯರಿಗೆ ದೋಹಾ, ದುಬೈ, ಅಬುಧಾಬಿ ದಾರಿಯೇ ಮೇಲು ಎನ್ನುವುದು ನನ್ನ ಅಭಿಪ್ರಾಯ. ಒಳಗೆ ಕೂರಲು ಅಲ್ಲಿ ವೀಸಾದ ಗೋಜಿಲ್ಲ.

ಫೋನ್ ಮಾಡುವ ಕ್ರಮ ಹೀಗೆ. ಏರ್‌ಲೈನ್‌ನ ಭಾರತದ ನಂಬರ್ ಸಿಗದಿದ್ದರೆ ಬೇರೆ ದೇಶದ ನಂಬರಿಗೆ ಇಂಟರ್ನೆಟ್ ಕರೆ ಮಾಡಿ. ಬುಕಿಂಗ್ ಎಲ್ಲ ಕಡೆ ಒಂದೇ ಕಾಣುತ್ತದೆ. ‘ಏನಾದ್ರೂ ಮಾಡಿ’ ಎಂದು ಕೇಳಬೇಡಿ. ಮೊದಲೇ ಸೀಟು ಹುಡುಕಿ, ಫ್ಲೈಟ್ ನಂಬರ್, ಹೊರಡುವ ಸಮಯ ಬರೆದಿಟ್ಟುಕೊಂಡು, ಇದೇ ವಿಮಾನಕ್ಕೆ ಹಾಕಿ ಎಂದು ಕೇಳಿ. ಅದೇ ಒಕ್ಕೂಟದ ಬೇರೆ ಏರ್‌ಲೈನ್ ಆದರೂ ಕೇಳಬಹುದು; ಲುಫ್ತಾನ್ಸಾ ತಪ್ಪಿದರೆ ಯುನೈಟೆಡ್, ಎರಡೂ ಸ್ಟಾರ್ ಅಲಯನ್ಸ್‌ನವು. ಸೀಟು ಕೊಟ್ಟೆವು ಎಂದ ಮೇಲೆ ಫೋನ್ ಇಡಬಾರದು. ಟಿಕೆಟ್ ರೀಇಶ್ಯೂ ಆಯಿತಾ, ಹೊಸ ಟಿಕೆಟ್ ನಂಬರ್ ಏನು ಎಂದು ಕೇಳಲೇಬೇಕು. ಸೀಟು ಕಾದಿರಿಸಿ ಟಿಕೆಟ್ ಹೊಸದಾಗಿ ಕೊಡದಿದ್ದರೆ ಗೇಟ್‌ನಲ್ಲಿ ಬೋರ್ಡಿಂಗ್ ಪಾಸ್ ಬರುವುದಿಲ್ಲ. ಜೊತೆಗೆ ವಾಪಸ್ ಪ್ರಯಾಣ ಹಾಗೆಯೇ ಇದೆಯಾ, ವೀಲ್‌ಚೇರ್ ಕೋರಿಕೆ ಹೊಸ ವಿಮಾನಕ್ಕೂ ಬಂದಿದೆಯಾ, ಈ ಎರಡನ್ನೂ ಕೇಳಿಕೊಳ್ಳಿ. ಬದಲಾವಣೆಯಲ್ಲಿ ಬಿಟ್ಟುಹೋಗುವುದು ಸಾಮಾನ್ಯವಾಗಿ ಇವೇ. ವಾಪಸ್ ಟಿಕೆಟ್ ರದ್ದಾಗಿರುವುದು ಮೂರು ತಿಂಗಳ ನಂತರ ಗೊತ್ತಾದರೆ ಸರಿಮಾಡಿಸುವುದು ಬಲು ಕಷ್ಟ.

ಅಪ್ಪ-ಅಮ್ಮನ ಕೈಯಲ್ಲಿ ಒಂದು ಕಾಗದ ಇರಬೇಕು. ನಾನು ಕೊಡುವ ಕಾಗದದ ಒಂದು ಕಡೆ ದಪ್ಪ ಅಕ್ಷರದ ಇಂಗ್ಲಿಷಿನಲ್ಲಿ ಹೆಸರು, ಟಿಕೆಟ್ ನಂಬರ್, ಕೊನೆಯ ಊರು, ಮಗನ ಫೋನ್, ಕಾಯಿಲೆ ಮತ್ತು ಮಾತ್ರೆಯ ಹೆಸರು, ‘ಷೆಂಗೆನ್ ವೀಸಾ ಇಲ್ಲ, ಷೆಂಗೆನ್ ಒಳಗಿನ ವಿಮಾನ ಕೊಡಬೇಡಿ’ ಎಂಬ ಸಾಲು. ಇನ್ನೊಂದು ಕಡೆ ಅವರಿಗೇ ಕನ್ನಡದಲ್ಲಿ: ವೈಫೈ ಹೇಗೆ ಹಾಕಬೇಕು, ಯಾವ ಕಾಗದಕ್ಕೂ ಸಹಿ ಮಾಡಬೇಡಿ, ಹಳೆಯ ಬೋರ್ಡಿಂಗ್ ಪಾಸ್ ಎಸೆಯಬೇಡಿ. ಅವ್ವನ ಬಿಪಿ, ಸಕ್ಕರೆ ಮಾತ್ರೆ ಒಂದು ವಾರದ್ದು ಕೈಚೀಲದಲ್ಲೇ ಇರಲಿ. ಚಟ್ನಿಪುಡಿ, ಖಡಕ್ ರೊಟ್ಟಿ ದೊಡ್ಡ ಪೆಟ್ಟಿಗೆಗೆ ಹೋಗಲಿ.

ಪರಿಹಾರದ ಹಣ ಯಾವ ದಾರಿಯಲ್ಲಿ ಹೋಗುತ್ತೀರಿ ಎನ್ನುವುದರ ಮೇಲೆ ನಿಂತಿದೆ. ಯುರೋಪಿನ 261/2004 ನಿಯಮ ಯುರೋಪಿನಿಂದ ಹೊರಡುವ ಎಲ್ಲ ಏರ್‌ಲೈನ್‌ಗೂ, ಹೊರಗಿನಿಂದ ಯುರೋಪಿಗೆ ಬರುವಾಗ ಯುರೋಪಿನ ಏರ್‌ಲೈನ್‌ಗೆ ಮಾತ್ರವೂ ಅನ್ವಯ. ಮೂರು ತಾಸು ಅಥವಾ ಅದಕ್ಕಿಂತ ತಡವಾಗಿ ತಲುಪಿದರೆ, 3,500 ಕಿಲೋಮೀಟರಿಗಿಂತ ದೂರದ ಪ್ರಯಾಣಕ್ಕೆ 600 ಯುರೋ. ಕೊನೆಯ ಊರು ತಲುಪಿದ್ದು ಮೂರರಿಂದ ನಾಲ್ಕು ತಾಸಿನ ನಡುವೆ ತಡವಾಗಿದ್ದರೆ ಅದನ್ನು ಅರ್ಧಕ್ಕೆ ಇಳಿಸಬಹುದು. ಒಂದೇ ಟಿಕೆಟ್ ಆಗಿದ್ದರೆ ಲೆಕ್ಕ ಕೊನೆಯ ಊರಿನದೇ. ಹಾಗಾಗಿ ಪ್ಯಾರಿಸ್‌ನಿಂದ ದೋಹಾ ಮೂಲಕ ಬೆಂಗಳೂರಿಗೆ ಬರುವಾಗ ದೋಹಾದಲ್ಲಿ ವಿಮಾನ ತಪ್ಪಿದರೂ ಕೇಳಬಹುದು. ಬೆಂಗಳೂರಿನಿಂದ ದೋಹಾ ಮೂಲಕ ಶಿಕಾಗೋಗೆ ಹೋಗುವಾಗ ಈ ನಿಯಮ ಇಲ್ಲ. ಬ್ರಿಟನ್ನಿನ ನಿಯಮದಲ್ಲಿ ದೂರದ ಪ್ರಯಾಣಕ್ಕೆ 520 ಪೌಂಡ್. ಅಮೆರಿಕದಲ್ಲಿ ತಡಕ್ಕೆಂದು ನಗದು ಪರಿಹಾರದ ಕಾನೂನೇ ಇಲ್ಲ. ವಿಮಾನದ ಸಾಮಾನ್ಯ ತಾಂತ್ರಿಕ ದೋಷ, ಏರ್‌ಲೈನ್‌ನ ಸ್ವಂತ ಸಿಬ್ಬಂದಿಯ ಮುಷ್ಕರ ನೆಪವಾಗುವುದಿಲ್ಲ ಎಂದು ಯುರೋಪಿನ ನ್ಯಾಯಾಲಯ ಹೇಳಿದೆ. ಹಿಮಪಾತ, ಬಿರುಗಾಳಿಯಾದರೆ ಹಣ ಸಿಗದು, ಆದರೆ ಊಟ, ತಂಗುವ ವ್ಯವಸ್ಥೆ ಮಾಡಲೇಬೇಕು. ತಲುಪಿದ ಸಮಯ ಎಂದರೆ ಚಕ್ರ ನೆಲ ಮುಟ್ಟಿದ್ದಲ್ಲ, ಬಾಗಿಲು ತೆರೆದದ್ದು. ಆ ಗಳಿಗೆಯ ಸಮಯ ಬರೆದಿಟ್ಟುಕೊಳ್ಳಿ, ಮೂರು ತಾಸಿನ ಗೆರೆ ದಾಟುವುದು ಕೆಲವೊಮ್ಮೆ ಅಲ್ಲೇ. ಕ್ಲೇಮ್ ಫಾರಂ ಯುರೋಪಿನ ಬ್ಯಾಂಕ್ ಖಾತೆಗಳಿಗಿರುವ ಐಬಿಎಎನ್ ನಂಬರ್ ಕೇಳುತ್ತದೆ, ಭಾರತದ ಖಾತೆಗಳಿಗೆ ಅದಿಲ್ಲ. ವಿದೇಶದ ಹಣ ಬರುವ ಸ್ವಿಫ್ಟ್ ಕೋಡ್ ಯಾವುದೆಂದು ನಿಮ್ಮ ಬ್ಯಾಂಕ್ ಶಾಖೆಯಲ್ಲಿ ಕೇಳಿಕೊಂಡು ಖಾತೆ ನಂಬರ್ ಜೊತೆ ಬರೆಯಿರಿ. ವೋಚರ್ ಬೇಡ, ಹಣವೇ ಬೇಕು ಎನ್ನುವ ಹಕ್ಕು ನಿಮಗಿದೆ.

ಟ್ರಾವೆಲ್ ಇನ್ಶೂರೆನ್ಸ್ ಕ್ಲೇಮ್‌ಗೆ ತಡದ ಕಾರಣ ಮತ್ತು ಅವಧಿ ಬರೆದ ಏರ್‌ಲೈನ್‌ನ ಪತ್ರ ಬೇಕು. ಅದನ್ನು ಅದೇ ವಾರ ಇಮೇಲ್‌ನಲ್ಲಿ ಕೇಳಿ ಪಡೆಯುವುದು ಸುಲಭ.

ಪೆಟ್ಟಿಗೆ ಬರದಿದ್ದರೆ ಕಸ್ಟಮ್ಸ್ ದಾಟಿ ಹೊರಡುವ ಮೊದಲೇ ಪಿಐಆರ್, ಅಂದರೆ ಲಗೇಜಿನ ದೂರಿನ ವರದಿ ಬರೆಸಬೇಕು. ಅದಕ್ಕೆ ಐದು ಅಕ್ಷರ, ಐದು ಅಂಕಿಯ ಗುರುತು ಕೊಡುತ್ತಾರೆ. ಪೆಟ್ಟಿಗೆ ಹುಡುಕಲು ಅದೇ ಆಧಾರ. ಭಾರತವೂ ಒಪ್ಪಿರುವ ಮಾಂಟ್ರಿಯಲ್ ಒಪ್ಪಂದದ ಪ್ರಕಾರ ಪೆಟ್ಟಿಗೆ ಹಾಳಾಗಿದ್ದರೆ ಕೈಗೆ ಬಂದ ಏಳು ದಿನದೊಳಗೆ, ತಡವಾಗಿ ಬಂದಿದ್ದರೆ 21 ದಿನದೊಳಗೆ ಬರಹದಲ್ಲಿ ದೂರು ಕೊಡಬೇಕು. 2024ರ ಡಿಸೆಂಬರ್ 28ರಿಂದ ಲಗೇಜಿನ ಹೊಣೆಯ ಗರಿಷ್ಠ ಮಿತಿ ಒಬ್ಬರಿಗೆ 1,519 ಎಸ್‌ಡಿಆರ್ (ಐಎಂಎಫ್‌ನ ಲೆಕ್ಕದ ಹಣ), ಪ್ರಯಾಣಿಕರ ತಡದಿಂದಾದ ನಷ್ಟಕ್ಕೆ 6,303 ಎಸ್‌ಡಿಆರ್. ಆ ಮಿತಿಯೊಳಗೆ ಸಿಗುವುದು ಬಿಲ್ ತೋರಿಸಿದಷ್ಟೇ. ಚಳಿಗೆ ಕೊಂಡ ಸ್ವೆಟರ್‌ನಿಂದ ಹಿಡಿದು ಮಾತ್ರೆಯವರೆಗೆ ಪ್ರತಿ ಬಿಲ್ಲಿನ ಫೋಟೋ ತೆಗೆದಿಡಿ. ಏರ್‌ಲೈನ್ ಉತ್ತರ ಕೊಡದೆ ಸತಾಯಿಸಿದರೆ ಭಾರತದ ಪ್ರಯಾಣಕ್ಕೆ ಸರ್ಕಾರದ ಏರ್‌ಸೇವಾ ಪೋರ್ಟಲ್‌ನಲ್ಲಿ ದೂರು ಹಾಕಬಹುದು. ಕೋರ್ಟ್ ಮೆಟ್ಟಿಲು ಹತ್ತುವುದಾದರೆ ಮಾಂಟ್ರಿಯಲ್ ಒಪ್ಪಂದದ ಕೆಳಗೆ ಎರಡು ವರ್ಷ ಮೀರಬಾರದು.