ಬೆಲ್ಲದ ಚೂರಿನಿಂದ ಶುರುವಾದ ಪಾಠ

ಮಂಡ್ಯದ ಪದವಿ ಕಾಲೇಜೊಂದರಲ್ಲಿ ಬಿ.ಎ. ಮಕ್ಕಳಿಗೆ ಮನೋವಿಜ್ಞಾನ ಹೇಳಿಕೊಡುತ್ತೇನೆ. ಮನೆ ಮೈಸೂರಿನಲ್ಲಿ, ಓಡಾಟ ರೈಲಿನಲ್ಲಿ. ಮೊದಲ ಸೆಮಿಸ್ಟರಿನಲ್ಲೇ ಬರುವ ‘ಮನೋವಿಜ್ಞಾನದ ಪಂಥಗಳು’ ಎಂಬ ಪಾಠವನ್ನು ಮೂರು ವರ್ಷ ನಾನು ಬೋರ್ಡಿನ ಮೇಲೆ ಗೆರೆ ಎಳೆದು ಮಾಡಿದೆ. ಪಂಥ, ಸ್ಥಾಪಕ, ಇಸವಿ, ಮುಖ್ಯಾಂಶ ಅಂತ ನಾಲ್ಕು ಕಾಲಂ. ಮಕ್ಕಳು ಬರೆದುಕೊಂಡರು, ಬಾಯಿಪಾಠ ಮಾಡಿದರು, ಪಾಸಾದರು. ಆರು ತಿಂಗಳ ಮೇಲೆ ಕೇಳಿದರೆ ವುಂಟ್ ಯಾರು, ವಾಟ್ಸನ್ ಯಾರು ಎಂಬುದೇ ಅದಲುಬದಲು.

ಮೂರನೆಯ ವರ್ಷ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ಕೇಳಿದಳು: ‘ಮೇಡಂ, ಒಬ್ರು ಹೇಳಿದ್ದನ್ನ ಇನ್ನೊಬ್ರು ತಪ್ಪು ಅಂತಾರೆ. ನಾವು ಎಲ್ಲಾನೂ ಕಲೀಬೇಕಾ, ಸರಿ ಇರೋದನ್ನ ಮಾತ್ರ ಕಲೀಬೇಕಾ?’ ಏನೋ ಸಮಜಾಯಿಷಿ ಕೊಟ್ಟು ಕೂರಿಸಿದೆ. ಸಂಜೆ ರೈಲು ಶ್ರೀರಂಗಪಟ್ಟಣ ದಾಟುವಾಗಲೂ ಆ ಮಾತು ಕೊರೆಯುತ್ತಲೇ ಇತ್ತು. ಅವಳ ಕೈಗೆ ನಾನು ಬರೀ ಉತ್ತರಗಳನ್ನು ಕೊಟ್ಟಿದ್ದೆ. ಅವು ಯಾವ ಪ್ರಶ್ನೆಗೆ ಉತ್ತರ ಅಂತ ಒಂದು ದಿನವೂ ಹೇಳಿರಲಿಲ್ಲ.

ಮುಂದಿನ ವರ್ಷ ಪಾಠವನ್ನು ಬೆಲ್ಲದಿಂದ ಶುರು ಮಾಡಿದೆ. ಮಂಡ್ಯದಲ್ಲಿ ಬೆಲ್ಲಕ್ಕೇನು ಬರ, ಆಲೆಮನೆಯಿರುವ ಮನೆಯ ಮಕ್ಕಳು ತರಗತಿಯಲ್ಲೇ ಇಬ್ಬರು ಮೂವರು ಇರುತ್ತಾರೆ. ಒಂದು ಅಚ್ಚು ಬೆಲ್ಲ ಕುಟ್ಟಿ ಎಲ್ಲರಿಗೂ ಒಂದೊಂದು ಚೂರು ಕೊಟ್ಟೆ. ಕಣ್ಣು ಮುಚ್ಚಿ ಬಾಯಿಗೆ ಹಾಕಿಕೊಂಡು, ಅರ್ಧ ನಿಮಿಷ ಮನಸ್ಸಿನಲ್ಲಿ ಏನಾಗುತ್ತದೋ ಗಮನಿಸಿ ಬರೆಯಿರಿ ಎಂದೆ. (ಸಿಹಿ ತಿನ್ನಬಾರದವರು ಯಾರಾದರೂ ಇದ್ದಾರಾ ಎಂದು ಮೊದಲೇ ಕೇಳಿಕೊಳ್ಳಬೇಕು. ಅವರಿಗೆ ಹುಣಸೆಹಣ್ಣಾದರೂ ನಡೆಯುತ್ತದೆ.) ‘ಬೆಲ್ಲ, ಚೆನ್ನಾಗಿದೆ’, ‘ಹೊಸ ಬೆಲ್ಲ’, ‘ಇದಕ್ಕೆ ಕೆಮಿಕಲ್ ಹಾಕವ್ರೆ’ ಎಂದು ಬರೆದರು.

ಅನುಭವವನ್ನು ಮೂಲಾಂಶಗಳಾಗಿ ಬಿಡಿಸಿ ನೋಡಬೇಕು ಎಂದ, ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಟಿಚೆನರ್ ಇದ್ದಿದ್ದರೆ ಇಷ್ಟನ್ನೂ ಹೊಡೆದು ಹಾಕುತ್ತಿದ್ದರು. ನೀವು ಹೇಳುತ್ತಿರುವುದು ವಸ್ತುವಿನ ಹೆಸರು, ಅನುಭವ ಎಲ್ಲಿ? ಇದನ್ನು ಅವರು ‘ಉದ್ದೀಪನ ದೋಷ’ ಎಂದು ಕರೆದರು. ಎರಡನೆಯ ಸುತ್ತಿಗೆ ‘ಬೆಲ್ಲ’ ಎಂಬ ಪದವನ್ನೇ ಬಳಸಬೇಡಿ ಎಂದೆ. ತರಗತಿ ಮೌನವಾಯಿತು. ಒಬ್ಬ ಬರೆದ: ‘ಮೊದಲು ಸಿಹಿ ಅಲ್ಲ, ಒರಟು. ಆಮೇಲೆ ಸಿಹಿ. ನುಂಗುವಾಗ ಸಣ್ಣಗೆ ಉಪ್ಪು.’ ಇನ್ನೊಬ್ಬಳ ಕಣ್ಣ ಮುಂದೆ ತಾತನ ಆಲೆಮನೆಯ ಕೊಪ್ಪರಿಗೆ ಬಂತು. ಮತ್ತೊಬ್ಬಳಿಗೆ ಹಿತವೆನಿಸಿತು, ಕೊನೆಯಲ್ಲಿ ಮುಖ ಹೊಡೆಯಿತು. ಸಂವೇದನೆ, ಪ್ರತಿಮೆ (ಮನಸ್ಸಿನಲ್ಲಿ ಮೂಡುವ ಚಿತ್ರ), ಭಾವ ಎಂದು ಟಿಚೆನರ್ ಹೇಳಿದ ಮೂರು ಮೂಲಾಂಶಗಳು ಮಕ್ಕಳ ನೋಟ್‌ಬುಕ್ಕಿನಲ್ಲೇ ಸಿಕ್ಕವು. ಆ ಹೆಸರುಗಳನ್ನು ಬೋರ್ಡಿನ ಮೇಲೆ ಬರೆದದ್ದು ಆಮೇಲೆ.

ಅದೇ ಹೊತ್ತಿಗೆ ಜಗಳವೂ ಎದ್ದಿತು. ಉಪ್ಪು ಇತ್ತು ಎಂದವನಿಗೆ ಪಕ್ಕದವನು ‘ಇರ್ಲೇ ಇಲ್ಲ ಕಣೋ’ ಎಂದ. ಇದನ್ನು ತೀರ್ಮಾನ ಮಾಡುವವರು ಯಾರು? ಅವನ ಅನುಭವದೊಳಕ್ಕೆ ಇವನು ಇಳಿದು ನೋಡುವ ಹಾಗಿಲ್ಲ. ಜರ್ಮನಿಯ ವುರ್ಟ್ಸ್‌ಬರ್ಗಿನಲ್ಲಿದ್ದ ಕ್ಯುಲ್ಪೆಯ ಗುಂಪಿಗೂ ಟಿಚೆನರ್‌ಗೂ ಇಂಥದ್ದೇ ತಕರಾರು ನಡೆದಿತ್ತು. ಚಿತ್ರವೇ ಇಲ್ಲದ ಆಲೋಚನೆ ಉಂಟು ಅಂತ ಅವರು, ಇಲ್ಲ ಅಂತ ಇವರು. ಅಂತರವಲೋಕನ, ಅಂದರೆ ತನ್ನ ಮನಸ್ಸನ್ನು ತಾನೇ ಇಣುಕಿ ನೋಡುವುದು, ಬಿಟ್ಟರೆ ಬೇರೆ ಅಳತೆಗೋಲು ಇಬ್ಬರ ಬಳಿಯೂ ಇರಲಿಲ್ಲ. 1913ರಲ್ಲಿ ವಾಟ್ಸನ್ ‘ಒಳಗಿನದನ್ನು ಬಿಡಿ, ಕಣ್ಣಿಗೆ ಕಾಣುವ ವರ್ತನೆಯನ್ನು ಅಳೆಯಿರಿ’ ಎಂದು ಎದ್ದು ನಿಂತರಲ್ಲ, ಅದಕ್ಕೆ ಇದೊಂದು ದೊಡ್ಡ ಕಾರಣ. ಬೆಲ್ಲದ ಜಗಳ ಆಡಿದ ಮಕ್ಕಳಿಗೆ ವಾಟ್ಸನ್ ಏಕೆ ಬೇಕಾದರು ಎಂದು ವಿವರಿಸುವ ಅಗತ್ಯವೇ ಬರಲಿಲ್ಲ.

ವಾಟ್ಸನ್‌ರ ಈ ವರ್ತನಾವಾದಕ್ಕೆ, ಊಟದ ಸೂಚನೆಗೇ ಜೊಲ್ಲು ಸುರಿಸಲು ಕಲಿತ ಪಾವ್ಲೋವ್ ನಾಯಿಯ ಚಿತ್ರ ಬಿಡಿಸುವುದನ್ನು ನಿಲ್ಲಿಸಿದ್ದೇನೆ. ಮನೆಯಲ್ಲಿ ಹಾಲು ಕರೆಯುವವರು ಯಾರು ಎಂದು ಕೇಳುತ್ತೇನೆ, ಅರ್ಧ ತರಗತಿ ಕೈ ಎತ್ತುತ್ತದೆ. ಕರು ಬಾಯಿ ಹಾಕಿದರೆ ಹಸು ಹಾಲು ಇಳಿಸುವುದು ಹುಟ್ಟಿನಿಂದ ಬಂದದ್ದು. ಬಕೆಟ್ಟಿನ ಸದ್ದಿಗೇ ಕೆಚ್ಚಲು ತುಂಬಿಕೊಳ್ಳುವುದು ಕಲಿತದ್ದು. ಕರೆಯುವವರು ಬದಲಾದರೆ ಹಾಲು ಏರಿಸಿಕೊಳ್ಳುತ್ತದೆ ಎನ್ನುವುದೂ ಇವರಿಗೆ ಗೊತ್ತು. ಅನುಬಂಧನ ಎಂಬ ಪದ ಆಮೇಲೆ ಬಂದರೆ ಸಾಕು. 1920ರಲ್ಲಿ ವಾಟ್ಸನ್ ಮತ್ತು ರೇನರ್ ‘ಪುಟ್ಟ ಆಲ್ಬರ್ಟ್’ ಎಂಬ ಕೂಸಿಗೆ ಬಿಳಿ ಇಲಿಯ ಭಯ ಹುಟ್ಟಿಸಿ, ಆ ಭಯ ಕಳೆಯದೆಯೇ ಕಳಿಸಿಕೊಟ್ಟ ಕಥೆ ಹೇಳಿದಾಗ ಮಕ್ಕಳಿಗೆ ಸಿಟ್ಟು ಬರುತ್ತದೆ. ಬರಲೇಬೇಕು. 1924ರಲ್ಲಿ ಮೇರಿ ಕವರ್ ಜೋನ್ಸ್ ಪೀಟರ್ ಎಂಬ ಮಗುವಿಗೆ ಇಷ್ಟದ ತಿನಿಸು ಕೊಡುತ್ತಾ ಮೊಲವನ್ನು ದಿನದಿನಕ್ಕೆ ಹತ್ತಿರ ತಂದು ಭಯ ಬಿಡಿಸಿದ್ದನ್ನೂ ಅದೇ ಗಂಟೆಯಲ್ಲೇ ಹೇಳುತ್ತೇನೆ.

ಈ ವಿಷಯವೆಲ್ಲ ಪರದೇಶದ್ದು ಎಂಬ ಭಾವನೆ ಮಕ್ಕಳಲ್ಲಿ ಬಲವಾಗಿದೆ. ಅದಕ್ಕೇ ಒಂದು ವಂಶಾವಳಿ ಬರೆಸುತ್ತೇನೆ. 1879ರಲ್ಲಿ ಜರ್ಮನಿಯ ಲೈಪ್‌ಜಿಗ್‌ನಲ್ಲಿ ವುಂಟ್ ಮನೋವಿಜ್ಞಾನದ ಪ್ರಯೋಗಾಲಯ ತೆರೆದರು. ಬ್ರಿಟಿಷ್ ಸೈನ್ಯದ ಅಧಿಕಾರಿಯಾಗಿದ್ದ ಸ್ಪಿಯರ್‌ಮನ್ ಕೆಲಸ ಬಿಟ್ಟು ಅಲ್ಲಿಗೆ ಹೋಗಿ ವುಂಟ್ ಕೈಕೆಳಗೆ ಡಾಕ್ಟರೇಟ್ ಮಾಡಿದರು. ಆ ಸ್ಪಿಯರ್‌ಮನ್ ಬಳಿ ಲಂಡನ್ನಿನಲ್ಲಿ ಕಲಿತು ಬಂದವರು ನಮ್ಮ ಎಂ.ವಿ. ಗೋಪಾಲಸ್ವಾಮಿ. 1924ರಲ್ಲಿ ಮೈಸೂರು ವಿಶ್ವವಿದ್ಯಾಲಯದಲ್ಲಿ ಮನೋವಿಜ್ಞಾನ ವಿಭಾಗ ಶುರುವಾದದ್ದು ಅವರಿಂದ. ಭಾರತದಲ್ಲಿ ಕಲ್ಕತ್ತಾ ಬಿಟ್ಟರೆ ಮೊದಲನೆಯದು. ಲೈಪ್‌ಜಿಗ್‌ನಿಂದ ಮಹಾರಾಜ ಕಾಲೇಜಿಗೆ ಎರಡೇ ತಲೆಮಾರು! 1935ರಲ್ಲಿ ತಮ್ಮ ಮನೆಯಿಂದಲೇ ‘ಆಕಾಶವಾಣಿ’ ಬಾನುಲಿ ಕೇಂದ್ರ ನಡೆಸಿದವರೂ ಇವರೇ ಎಂದಾಗ ‘ಅವರು ನಮ್ಮ ಸಬ್ಜೆಕ್ಟ್ ಮೇಷ್ಟ್ರಾ!’ ಎನ್ನುತ್ತಾರೆ. ಆ ‘ನಮ್ಮ’ ಎಂಬ ಮಾತಿಗೋಸ್ಕರ ಒಂದು ಗಂಟೆ ಕೊಟ್ಟರೂ ನನಗೆ ನಷ್ಟವೆನಿಸುವುದಿಲ್ಲ.

ಬಿಡಿ ಭಾಗಗಳಲ್ಲಿ ಇಲ್ಲದ್ದು ಇಡಿಯಲ್ಲಿದೆ ಎನ್ನುವ ಗೆಸ್ಟಾಲ್ಟ್ ಪಂಥವನ್ನು ದಸರಾ ರಜೆಗೆ ಮನೆಗೆಲಸವಾಗಿ ಕೊಡುತ್ತೇನೆ. ಮೈಸೂರಿನ ರಸ್ತೆಗಳ ದೀಪಾಲಂಕಾರದಲ್ಲಿ ಓಡುವ ದೀಪಗಳನ್ನು ನೋಡಿ ಬನ್ನಿ, ಓಡುತ್ತಿರುವುದು ಯಾವುದು? ಒಂದು ಬಲ್ಬೂ ಜಾಗ ಬಿಟ್ಟು ಕದಲುವುದಿಲ್ಲ, ಒಂದು ಆರುತ್ತದೆ, ಪಕ್ಕದ್ದು ಹತ್ತುತ್ತದೆ. ಆದರೂ ಬೆಳಕು ಓಡುತ್ತದೆ. ವರ್ಟ್‌ಹೈಮರ್ 1912ರಲ್ಲಿ ಪ್ರಕಟಿಸಿದ್ದು ಇದನ್ನೇ. ಬೆಲ್ಲವನ್ನು ಸಿಹಿ, ಉಪ್ಪು, ಒರಟು ಎಂದು ಬಿಡಿಸಿದ ಹಾಗೆ ಈ ಓಟವನ್ನು ಬಿಡಿಸಿದರೆ ಓಟವೇ ಉಳಿಯುವುದಿಲ್ಲ. ವಿಲಿಯಂ ಜೇಮ್ಸ್‌ಗೆ ಇಲ್ಲಿ ಹತ್ತು ನಿಮಿಷ ಸಾಕು: ಪ್ರಜ್ಞೆ ಹರಿಯುವ ನೀರು, ತುಂಡು ಮಾಡಬೇಡಿ, ಅದು ಬದುಕಿನಲ್ಲಿ ಯಾವ ಕೆಲಸಕ್ಕೆ ಬರುತ್ತದೆ ನೋಡಿ ಎಂದವರು ಅವರು.

ಫ್ರಾಯ್ಡ್ ಪಾಠದಲ್ಲಿ ನನ್ನನ್ನು ಬಹಳ ಕಾಲ ಸತಾಯಿಸಿದ್ದು ‘ಅಹಂ’ ಎಂಬ ಒಂದು ಪದ. ಪಠ್ಯದಲ್ಲಿ ಮನಸ್ಸಿನ ಮೂರು ಭಾಗಗಳಿಗೆ ಇದ್, ಅಹಂ, ಪರಾಹಂ ಎಂದಿರುತ್ತದೆ. ನಮ್ಮ ಮಾತಿನಲ್ಲಿ ಅಹಂ ಎಂದರೆ ಸೊಕ್ಕು. ‘ಅವನಿಗೆ ಅಹಂ ಜಾಸ್ತಿ’ ಎನ್ನುವ ಊರಿನಲ್ಲಿ ‘ಆರೋಗ್ಯವಂತ ಮನಸ್ಸಿಗೆ ಬಲವಾದ ಅಹಂ ಬೇಕು’ ಎಂದರೆ ಮಕ್ಕಳು ಏನೆಂದುಕೊಳ್ಳಬೇಕು? ವರ್ಷ ವರ್ಷವೂ ಉತ್ತರ ಪತ್ರಿಕೆಗಳಲ್ಲಿ ‘ಅಹಂ ಬಿಡಬೇಕು’ ಎಂಬ ವಾಕ್ಯ ಓದಿದ್ದೇನೆ. ಫ್ರಾಯ್ಡ್ ಜರ್ಮನ್ನಿನಲ್ಲಿ ಬರೆದದ್ದು ಮನೆಮಾತಿನ ಪದಗಳನ್ನೇ: ‘ದಸ್ ಎಸ್’, ಅಂದರೆ ಅದು; ‘ದಸ್ ಇಷ್’, ಅಂದರೆ ನಾನು; ‘ಊಬರ್ ಇಷ್’, ಅಂದರೆ ಮೇಲಿನ ನಾನು. ಲ್ಯಾಟಿನ್ ವೇಷ ತೊಡಿಸಿದವರು ಇಂಗ್ಲಿಷಿಗೆ ತಂದವರು. ಈಗ ನಾನು ‘ಅದು’, ‘ನಾನು’, ‘ಮೇಲಿನ ನಾನು’ ಎಂದೇ ಪಾಠ ಮಾಡಿ, ಪರೀಕ್ಷೆಯ ಪದಗಳನ್ನು ಪಕ್ಕದಲ್ಲಿ ಬರೆಸುತ್ತೇನೆ. ‘ಅದು ಬೇಕು ಅಂತ ಹಟ ಹಿಡಿಯುತ್ತೆ, ಮೇಲಿನ ನಾನು ಬೈಯುತ್ತೆ, ಮಧ್ಯೆ ನಾನು ಸಿಕ್ಕಿಕೊಳ್ತೀನಿ’ ಎಂದು ಹುಡುಗನೊಬ್ಬ ಬರೆದ. ಪೂರ್ತಿ ಅಂಕ ಕೊಟ್ಟೆ.

ಬುದ್ಧಿ ಹೇಳದೆ ಮನಸ್ಸಿಟ್ಟು ಕೇಳಿ ಎಂದ ಮನೋವಿಜ್ಞಾನಿ ರೋಜರ್ಸ್ ಅವರ ಪಾಠದಲ್ಲಿ ನಾನೊಂದು ತಪ್ಪು ಮಾಡಿದೆ. ಮಕ್ಕಳನ್ನು ಜೋಡಿ ಮಾಡಿ, ಒಬ್ಬರು ತಮ್ಮ ಕಷ್ಟ ಹೇಳಿಕೊಳ್ಳಲಿ, ಇನ್ನೊಬ್ಬರು ಐದು ನಿಮಿಷ ಬುದ್ಧಿ ಹೇಳದೆ ಕೇಳಲಿ ಎಂದೆ. ನಮ್ಮಲ್ಲಿ ಕಷ್ಟ ಕೇಳುವುದೆಂದರೆ ಬುದ್ಧಿ ಹೇಳುವುದೇ ತಾನೆ. ‘ಹೋಗ್ಲಿ ಬಿಡು, ಧೈರ್ಯವಾಗಿರು’ ಎಂಬ ಮಾತು ಎರಡು ನಿಮಿಷದೊಳಗೆ ಎಲ್ಲ ಕಡೆಯಿಂದ ಕೇಳಿಸಿತು. ಆದರೆ ಒಂದು ಜೋಡಿ ನಿಜವಾಗಿಯೂ ಕೇಳಿಸಿಕೊಂಡಿತು. ಹೇಳುತ್ತಿದ್ದ ಹುಡುಗಿ ಮನೆಯ ಸಾಲದ ಮಾತು ಎತ್ತಿ ಬಿಕ್ಕಿದಳು. ಕೇಳುತ್ತಿದ್ದವಳು ಹೆದರಿ ನನ್ನ ಮುಖ ನೋಡಿದಳು. ನನಗೂ ಸಿದ್ಧತೆ ಇರಲಿಲ್ಲ. ಅಂದಿನಿಂದ ನಿಯಮ ಬದಲಿಸಿದೆ: ಬಸ್ಸು ತಪ್ಪಿದ್ದು, ಚಾರ್ಜರ್ ಕಳೆದದ್ದು, ಇಂಥ ಸಣ್ಣ ಸಂಗತಿ ಮಾತ್ರ. ದೊಡ್ಡದೇನಾದರೂ ಇದ್ದರೆ ತರಗತಿ ಮುಗಿದ ಮೇಲೆ ನನ್ನ ಬಳಿ ಬರಬಹುದು, ಇಲ್ಲವೇ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಬಹುದು ಎಂದು ಮೊದಲೇ ಬೋರ್ಡಿನ ಮೇಲೆ ಬರೆಯುತ್ತೇನೆ.

ಕೊನೆಗೆ ನೆನಪಿನ ಪಾಠ. 1885ರಲ್ಲಿ ಎಬಿಂಗ್‌ಹೌಸ್ ತಮ್ಮ ಮೇಲೇ ಪ್ರಯೋಗ ಮಾಡಿಕೊಂಡು ಪ್ರಕಟಿಸಿದರು. ಅರ್ಥವಿಲ್ಲದ ಸುಮಾರು 2,300 ಉಚ್ಚಾರಾಂಶ ಕಟ್ಟಿಕೊಂಡು, ಕಲಿತು, ಎಷ್ಟು ಮರೆಯಿತು ಎಂದು ಅಳೆದರು. ಇಪ್ಪತ್ತು ನಿಮಿಷಕ್ಕೆ 58 ಪ್ರತಿಶತ ಉಳಿತಾಯ (ಮತ್ತೆ ಕಲಿಯುವಾಗ ಮಿಗುವ ಶ್ರಮ), ಒಂದು ದಿನಕ್ಕೆ ಸುಮಾರು 34. ಪರೀಕ್ಷೆಯ ಹಿಂದಿನ ರಾತ್ರಿ ಓದುವವರಿಗೆ ಈ ಎರಡು ಸಂಖ್ಯೆ ಸಾಕು. ನಮಗೆ ಕನ್ನಡದ ಪಟ್ಟಿ ಬೇಕಲ್ಲ. ಕೂತು ನಲವತ್ತು ಪದ ಬರೆದೆ. ತರಗತಿಯಲ್ಲಿ ಓದಿದರೆ ‘ತುಪ್’ ಎಂದರೆ ತುಪ್ಪ ಅಂದರು, ‘ಕೆಚ್’ ಎಂದರೆ ಕೆಚ್ಚಲು ಅಂದರು, ‘ಮೊಗ್’ ಮೊಗ್ಗಾಯಿತು. ಅರ್ಥ ಸಿಕ್ಕಿದ ಪದಗಳೇ ಮರುದಿನ ಹೆಚ್ಚು ನೆನಪಿದ್ದವು. 1932ರಲ್ಲಿ ಬಾರ್ಟ್‌ಲೆಟ್ ಎತ್ತಿದ ಆಕ್ಷೇಪಣೆ ಇದೇ: ಮನುಷ್ಯ ಅರ್ಥಕ್ಕಾಗಿ ತಡಕಾಡದೆ ಇರಲಾರ. ನೆನಪು, ಆಲೋಚನೆ ಹೇಗೆ ನಡೆಯುತ್ತವೆ ಎಂದು ಕೇಳುವ ಸಂಜ್ಞಾನಾತ್ಮಕ ಮನೋವಿಜ್ಞಾನಕ್ಕೆ ನಾವು ಹೊರಳುವುದು ಇಲ್ಲಿಂದಲೇ.

ಆ ಪಟ್ಟಿಯನ್ನು ವರ್ಷ ವರ್ಷವೂ ತಿದ್ದುತ್ತಿದ್ದೇನೆ. ಅರ್ಥ ಹುಡುಕಿದವರ ಮುಂದೆಯೇ ಆ ಪದಕ್ಕೆ ಗೆರೆ ಎಳೆಯುತ್ತೇನೆ. ನಲವತ್ತರಲ್ಲಿ ಈಗ ಹನ್ನೊಂದು ಉಳಿದಿವೆ. ‘ಫಿಬ್’ ಇನ್ನೂ ಅಲ್ಲಾಡಿಲ್ಲ. ‘ಗೆಷ್’ ಕಳೆದ ತಿಂಗಳು ಹೋಯಿತು, ಅದು ತನ್ನ ತಮ್ಮ ತೊದಲುತ್ತಾ ಗೆಜ್ಜೆಗೆ ಹೇಳುವ ಪದ ಎಂದು ಹುಡುಗಿಯೊಬ್ಬಳು ಹೇಳಿದಳು.