ಹಿಂದಿನ ಬೆಂಚಿನವನ ಕೈಗೆ ಚಾಕ್‌ಪೀಸ್: ಫಿಸಿಕ್ಸ್ ಗ್ರೂಪ್ ಸ್ಟಡಿಯಲ್ಲಿ ನನ್ನ ಅನುಭವ

ನನ್ನ ಟ್ಯೂಷನ್ ಮಕ್ಕಳ ಎಸ್ಸೆಸ್ಸೆಲ್ಸಿ ಫಿಸಿಕ್ಸ್ ರಿವಿಜನ್ ಪೂರ್ತಿ ಗ್ರೂಪ್ ಸ್ಟಡಿಯಲ್ಲೇ ಮುಗಿಸುತ್ತೇನೆ ಅಂದಾಗ ಗದಗ-ಬೆಟಗೇರಿಯಲ್ಲಿ ನನ್ನನ್ನು ನಂಬಿದವರು ಯಾರೂ ಇರಲಿಲ್ಲ. ಟ್ಯೂಷನ್ ಮಾಡುವ ಗೆಳೆಯರು ನಕ್ಕರು. ಪಾಲಕರೊಬ್ಬರು ಮುಖಕ್ಕೇ ಹೇಳಿದರು: "ಸರ್, ನಾವು ರೊಕ್ಕಾ ಕೊಡೂದು ನಿಮಗ. ನೀವು ನೋಡಿದ್ರ ಹುಡುಗೂರ ಕಡಿಂದನ ಹುಡುಗೂರಿಗೆ ಪಾಠಾ ಹೇಳಸ್ತೀರಲ್ರೀ." ಈಗ ಅವರದೇ ಎರಡನೇ ಮಗಳು ನನ್ನ ಹತ್ತಿರ ಬರುತ್ತಿದ್ದಾಳೆ. ಹೇಗೆ ಮಾಡಿದಿರಿ ಅಂತ ನಕ್ಕವರೇ ಕೇಳುತ್ತಿದ್ದಾರೆ, ಅದಕ್ಕೇ ಬರೆಯುತ್ತಿದ್ದೇನೆ. ಪಾಠ ಮಾಡುವುದು ಹೇಗೆ ಅಂತ ನಿಮಗೆ ನಾನು ಹೇಳಬೇಕಾಗಿಲ್ಲ. ಇದು ಪೋರ್ಷನ್ ಮುಗಿದ ಮೇಲಿನ ಮಾತು. ಡಿಸೆಂಬರ್ ಕೊನೆಯಿಂದ ಪರೀಕ್ಷೆವರೆಗೆ.

ಮೊದಲ ವರ್ಷ ಎಲ್ಲರೂ ಮಾಡುವಂತೆಯೇ ಶುರು ಮಾಡಿದೆ. ಆರಾರು ಮಂದಿಯ ಗುಂಪು, ಗುಂಪಿಗೊಬ್ಬ ಜಾಣ ಲೀಡರ್. ಲೀಡರ್ ಪಟಪಟ ಅಂತ ಹೇಳುತ್ತಾನೆ, ಉಳಿದವರು ಗೋಣು ಹಾಕುತ್ತಾರೆ. ವಾರದ ಕೊನೆಗೆ ಟೆಸ್ಟ್ ಕೊಟ್ಟರೆ ಲೀಡರ್‌ಗೆ ಇನ್ನೆರಡು ಅಂಕ ಜಾಸ್ತಿ, ಉಳಿದವರು ಇದ್ದಲ್ಲೇ. ಆಮೇಲೆ ಅವರವರ ಗೆಳೆಯರ ಜೊತೆ ಕೂರಲು ಬಿಟ್ಟೆ. ಅದು ಗಿರ್ಮಿಟ್ ಪಾರ್ಟಿ ಆಯಿತು. ಕ್ರಿಕೆಟ್ ಸ್ಕೋರು, ಯಾರ ಅಣ್ಣ ಯಾವ ಬೈಕ್ ತಗೊಂಡ ಅನ್ನುವುದು, ನಡುವೆ ಒಂದೆರಡು ಸಲ ಓಮ್‌ನ ನಿಯಮ. ವಾಟ್ಸಾಪ್ ಗುಂಪನ್ನೂ ಮಾಡಿ ನೋಡಿದೆ. ರಾತ್ರಿ ಎಂಟಕ್ಕೆ ಒಂದು ಲೆಕ್ಕ ಹಾಕಿದರೆ ಎಂಟೂ ಐದಕ್ಕೆ ಒಬ್ಬಳ ಉತ್ತರದ ಫೋಟೋ ಬರುತ್ತಿತ್ತು. ಎಂಟೂ ಹತ್ತಕ್ಕೆ ಎಲ್ಲರ ನೋಟ್‌ಬುಕ್ಕಿನಲ್ಲೂ ಅದೇ ಉತ್ತರ, ಅದೇ ಕಾಗುಣಿತ ತಪ್ಪಿನ ಜೊತೆ. ಆ ಗುಂಪಿನಲ್ಲಿ ಈಗ ಹಬ್ಬದ ಶುಭಾಶಯ ಮಾತ್ರ ಬರುತ್ತವೆ.

ಈ ಹೊತ್ತಿಗೆ ರೊಕ್ಕದ ಪೆಟ್ಟೂ ಬಿದ್ದಿತ್ತು. ಆಗ ತಿಂಗಳ ಫೀ ಐದುನೂರು ಇತ್ತು. ಮೂವತ್ತರ ಹತ್ತಿರ ಇದ್ದ ಮಕ್ಕಳು ಸಂಕ್ರಾಂತಿ ಹೊತ್ತಿಗೆ ಇಪ್ಪತ್ತಕ್ಕೂ ಕಡಿಮೆ ಆದರು. ಅಂದರೆ ತಿಂಗಳಿಗೆ ಐದಾರು ಸಾವಿರ ಹೋಯಿತು. ಅದರ ಮೇಲೆ ಖರ್ಚು ಬೇರೆ. ಬಾಡಿಗೆ ರೂಮಿನ ನಾಲ್ಕೂ ಗೋಡೆಗೆ ಸೊಂಟದ ಎತ್ತರದಿಂದ ಬ್ಲ್ಯಾಕ್‌ಬೋರ್ಡ್ ಬಣ್ಣ ಹಚ್ಚಿಸಿದೆ. ಬಣ್ಣ, ಕೂಲಿ ಸೇರಿ ಎರಡು ಸಾವಿರದ ಮೇಲೆ ಹೋಯಿತು. ಮನೆ ಮಾಲೀಕರು ಬಂದು ನೋಡಿ, ಬಿಡುವಾಗ ಸುಣ್ಣ ಹೊಡೆಸಿಕೊಡಬೇಕು ಅಂತ ಬರೆಸಿಕೊಂಡರು. ಝೆರಾಕ್ಸ್ ಒಂದು ಪುಟಕ್ಕೆ ಒಂದು, ಒಂದೂವರೆ ರೂಪಾಯಿ. ಸಣ್ಣದು ಅನ್ನಿಸುತ್ತದೆ, ಆದರೆ ಸೀಸನ್ ಮುಗಿಯುವ ಹೊತ್ತಿಗೆ ಬಣ್ಣದ ಖರ್ಚನ್ನೇ ದಾಟಿತ್ತು. ಮನೆಯಲ್ಲಿ ಏನು ಕೇಳಿಸಿಕೊಂಡೆ ಅನ್ನುವುದು ಇಲ್ಲಿ ಬೇಡ.

ಸರಿ, ದಾರಿಗೆ ಬಂದದ್ದು ಹೇಗೆ? ಲೀಡರ್ ಗುಂಪಿನಲ್ಲಿ ಅಂಕ ಏರಿದ್ದು ವಿವರಿಸಿದವನದು ಮಾತ್ರ. ಹಾಗಾದರೆ ವಿವರಿಸಬೇಕಾದವನು ಯಾರು? ಹಿಂದಿನ ಬೆಂಚಿನವನು. ಇಷ್ಟೇ ನನ್ನ ಸಂಶೋಧನೆ! ಗುಂಪನ್ನು ನಾಲ್ಕು ಮಂದಿಗೆ ಇಳಿಸಿದೆ. ಪ್ರತಿ ಗುಂಪಿಗೆ ಒಂದು ಗೋಡೆ, ಒಂದೇ ಚಾಕ್‌ಪೀಸ್. ಅದು ಗುಂಪಿನಲ್ಲಿ ಎಲ್ಲರಿಗಿಂತ ಕಡಿಮೆ ಅಂಕದವನ ಕೈಯಲ್ಲಿ. ಉಳಿದ ಮೂವರು ಬಾಯಿ ಬಿಡಬಹುದು, ಚಾಕ್ ಮುಟ್ಟುವಂತಿಲ್ಲ. ಜಾಣರಿಗೆ ಇದು ದೊಡ್ಡ ಶಿಕ್ಷೆ. ಕಿರಣ ಎಲ್ಲಿ ಬಾಗಬೇಕು ಅಂತ ಗೊತ್ತು, ಆದರೆ ಎಳೆಯುವ ಹಾಗಿಲ್ಲ. ಬಾಯಲ್ಲೇ ಹೇಳಬೇಕು. "ಮ್ಯಾಲಿಂದ ಪ್ರಧಾನ ಅಕ್ಷಕ್ಕ ಸಮಾಂತರ ಬಾ... ಅಲ್ಲಲೇ, ಮಸೂರದ ನಡುವ ಬಾಗಸು... ಈಗ ಎಫ್ಟೂ ಒಳಗಿಂದ ಹೋಗು." ಎಫ್ಟೂ ಅಂದರೆ ಮಸೂರದ ಆಚೆ ಕಡೆಯ ಸಂಗಮ ಬಿಂದು. ಹೀಗೆ ಹೇಳಬೇಕಾದರೆ ಜಾಣನೂ ಎಡವುತ್ತಾನೆ. ಅಲ್ಲೇ ಇಬ್ಬರದೂ ಕಲಿಕೆ.

ಗೋಡೆಗೆ ಹೋಗುವ ಮೊದಲು ಹತ್ತು ನಿಮಿಷ ಮೌನ. ಪ್ರತಿಯೊಬ್ಬರೂ ಒಬ್ಬರೇ ಬರೆಯಬೇಕು. ಆಮೇಲೆ ಹಾಳೆ ಬಲಗಡೆಯವನಿಗೆ. ಅವನು ಹಸಿರು ಪೆನ್ನಿನಿಂದ ತಿದ್ದಬೇಕು. ಉತ್ತರ ಸರಿಯೋ ತಪ್ಪೋ ಅಂತ ಬರೆದರೆ ಸಾಲದು, ಎಷ್ಟನೇ ಸಾಲಿನಲ್ಲಿ ದಾರಿ ತಪ್ಪಿದೆ ಅಂತ ಗೆರೆ ಎಳೆಯಬೇಕು. ಈ ಮೌನ ಇಲ್ಲದಿದ್ದರೆ ಉಳಿದದ್ದೆಲ್ಲ ಸುಮ್ನೆ. ಜೋರಾಗಿ ಮೊದಲು ಕೂಗಿದವನ ಉತ್ತರವೇ ಗುಂಪಿನ ಉತ್ತರ ಆಗಿಬಿಡುತ್ತದೆ.

ಕೊನೆಗೆ ಚೀಟಿ. ಗುಂಪಿನಿಂದ ಒಬ್ಬರ ಹೆಸರು ಎತ್ತುತ್ತೇನೆ. ಅವನು ಬಂದು ನನ್ನ ಮುಂದೆ ಅದೇ ಥರದ ಹೊಸ ಲೆಕ್ಕ ಮಾಡಬೇಕು. ಅವನಿಗೆ ಬಂದ ಅಂಕವೇ ನಾಲ್ವರಿಗೂ. ಇದನ್ನು ತಂದ ವಾರದಿಂದ ಹರಟೆ ತಾನಾಗಿಯೇ ನಿಂತಿತು. ಯಾರ ಹೆಸರು ಬರುತ್ತದೋ ಗೊತ್ತಿಲ್ಲವಲ್ಲ, ಜಾಣನಿಗೂ ದಡ್ಡನ ಚಿಂತೆ ಹತ್ತಿತು. ಚೀಟಿಯಲ್ಲಿ ಬೇಕಾದ ಹೆಸರು ಬೇಕಾದ ದಿನ ಬರುವಂತೆ ನನ್ನದೊಂದು ಕೈಚಳಕ ಇದೆ. ಅದನ್ನು ಇಲ್ಲಿ ಬರೆಯುವುದಿಲ್ಲ. ನನ್ನ ಮಕ್ಕಳೂ ಇದನ್ನು ಓದುತ್ತಾರೆ.

ಉತ್ತರದ ಕೀ ಕೊಡುವುದನ್ನು ಯಾಕೆ ಬಿಟ್ಟೆ ಅನ್ನುವುದನ್ನು ಸ್ವಲ್ಪ ವಿಸ್ತಾರವಾಗಿ ಹೇಳಬೇಕು. ಪೀನ ಮಸೂರ, ಸಂಗಮ ದೂರ 10 ಸೆಂ.ಮೀ., ವಸ್ತು 15 ಸೆಂ.ಮೀ. ದೂರದಲ್ಲಿ. ಬಿಂಬ 30 ಸೆಂ.ಮೀ. ದೂರದಲ್ಲಿ ಬರಬೇಕು, ನೀವೆಲ್ಲ ಬಾಯಲ್ಲೇ ಹೇಳುತ್ತೀರಿ. ಮಕ್ಕಳ ಹಾಳೆಯಲ್ಲಿ ಪದೇ ಪದೇ 6 ಅಂತ ಬರುತ್ತಿತ್ತು. 6 ಬರಲು ಎರಡು ದಾರಿ ಇವೆ. ವಸ್ತು ದೂರಕ್ಕೆ ಮೈನಸ್ ಹಾಕುವುದು ಮರೆತರೂ 6. ಮೈನಸ್ ಸರಿಯಾಗಿ ಹಾಕಿ, ಮಸೂರದ ಸೂತ್ರದ (1/v − 1/u = 1/f; u ವಸ್ತು ದೂರ, v ಬಿಂಬದ ದೂರ, f ಸಂಗಮ ದೂರ) ಬದಲು ದರ್ಪಣದ ಸೂತ್ರ (1/v + 1/u = 1/f) ಬಳಸಿದರೂ 6. ಉತ್ತರ ಒಂದೇ, ರೋಗ ಬೇರೆ ಬೇರೆ.

ಮಜಾ ಇರುವುದು ಮುಂದೆ. ಒಬ್ಬ ಹುಡುಗನಿಗೆ ಪೀನ ಮಸೂರದ ಲೆಕ್ಕ ಯಾವಾಗಲೂ ಸರಿ, ನಿಮ್ನ ದರ್ಪಣದ ಲೆಕ್ಕದಲ್ಲಿ ಯಾವಾಗಲೂ ಚಿಹ್ನೆ ತಪ್ಪು. ಮಸೂರದವು ಸರಿ ಇದ್ದದ್ದರಿಂದ ಗುಂಪಿನವರು ಕೀ ನೋಡಿ ಪೂರ್ತಿ ಅಂಕ ಕೊಡುತ್ತಿದ್ದರು. ಹಸಿರು ಪೆನ್ನು ಬಂದ ಮೇಲೆ ಒಬ್ಬಳು ಸಾಲು ಸಾಲಾಗಿ ನೋಡಿ ಕೂಗಿದಳು, "ಸರ್, ಇಂವಾ ಎರಡೆರಡು ತಪ್ಪು ಮಾಡ್ಯಾನ್ರಿ, ಆದ್ರೂ 30 ಬಂದೈತ್ರಿ!" ಹೌದು. ಅವನು ಎಲ್ಲ ಕಡೆ ದರ್ಪಣದ ಸೂತ್ರವನ್ನೇ ಹಾಕುತ್ತಿದ್ದ, ಯಾವುದಕ್ಕೂ ಮೈನಸ್ ಹಾಕುತ್ತಿರಲಿಲ್ಲ. ಒಂದು ತಪ್ಪು ಮಾಡಿದರೆ 6, ಎರಡೂ ಸೇರಿದರೆ 30. ವರ್ಧನೆ ತೆಗೆದರೂ ಮೈನಸ್ ಎರಡೇ ಬರುತ್ತದೆ! ಇದು ಆಕಸ್ಮಿಕ ಅಲ್ಲ. ಸತ್ಯ ಬಿಂಬಕ್ಕೆ ಪ್ಲಸ್, ಮಿಥ್ಯ ಬಿಂಬಕ್ಕೆ ಮೈನಸ್ ಹಾಕುವ ಹಳೆಯ ಪದ್ಧತಿಯಲ್ಲಿ ಮಸೂರಕ್ಕೂ ದರ್ಪಣಕ್ಕೂ ಸೂತ್ರ ಒಂದೇ. ಹುಡುಗ ಗೊತ್ತಿಲ್ಲದೆ ಅಲ್ಲಿಗೆ ಹೋಗಿದ್ದ. ಆದರೆ ಮೌಲ್ಯಮಾಪನದಲ್ಲಿ ಸೂತ್ರಕ್ಕೆ ಬೇರೆ ಅಂಕ, ಬೆಲೆ ಹಾಕಿದ್ದಕ್ಕೆ ಬೇರೆ ಅಂಕ. ಕೊನೆಯ ಉತ್ತರ ನೋಡಿ ಯಾರೂ ಪೂರ್ತಿ ಕೊಡುವುದಿಲ್ಲ.

ಅಂದಿನಿಂದ ಕೀ ಬಂದ್. ಅದರ ಬದಲು "ತಪ್ಪು ಹಾಳೆ" ಶುರು ಮಾಡಿದೆ. ನಾನೇ ಲೆಕ್ಕ ಬಿಡಿಸಿ, ನಡುವೆ ಬೇಕಂತಲೇ ತಪ್ಪು ಹುದುಗಿಸಿ ಝೆರಾಕ್ಸ್ ಮಾಡಿ ಕೊಡುತ್ತೇನೆ. ಗುಂಪು ಹುಡುಕಬೇಕು. ಸಂಖ್ಯೆ ಆರಿಸುವುದರಲ್ಲಿ ಎಚ್ಚರ ಬೇಕು. 3 ಓಮ್, 6 ಓಮ್ ಸಮಾಂತರ ಜೋಡಣೆಗೆ 1/3 + 1/6 ಕೂಡಿಸಿ ಕೊನೆಯಲ್ಲಿ ತಲೆಕೆಳಗು ಮಾಡುವುದು ಮರೆತವನು 0.5 ಅಂತ ಬರೆಯುತ್ತಾನೆ, ಬರಬೇಕಾದದ್ದು 2. "ಚಿಕ್ಕ ರೋಧಕ್ಕಿಂತ ಕಡಿಮೆ ಬರಬೇಕು" ಅಂತ ನಾವು ಹೇಳಿಕೊಡುವ ತಾಳೆ ನೋಡುವ ಉಪಾಯ ಇಲ್ಲಿ ನಡೆಯುವುದಿಲ್ಲ, ಯಾಕೆಂದರೆ 0.5 ಕೂಡ 3ಕ್ಕಿಂತ ಕಡಿಮೆಯೇ! ಇಂಥ ಸಂಖ್ಯೆಗಳನ್ನೇ ನಾನು ಆರಿಸುತ್ತೇನೆ. ಒಂದು ಹಾಳೆಯಲ್ಲಿ ಎಷ್ಟು ತಪ್ಪು, ಎಷ್ಟನೇ ವಾರದಿಂದ ತಪ್ಪೇ ಇಲ್ಲದ ಹಾಳೆಯನ್ನೂ ನಡುವೆ ಸೇರಿಸುತ್ತೇನೆ ಅನ್ನುವುದು ನನ್ನ ಹತ್ತಿರವೇ ಇರಲಿ.

ನಡುನಡುವೆ ಬೇರೆ ಪ್ರಯೋಗಗಳೂ ನಡೆದವು. ಸಿಲೆಬಸ್ ಕೇಳುತ್ತಿರಲಿಲ್ಲ, ನನಗೇ ಹುಚ್ಚು. ಹಳೆ ಹಳದಿ ಬಲ್ಬ್ ತಂದೆ, 60 ವ್ಯಾಟ್‌ದು. 220 ವೋಲ್ಟ್ ಹಿಡಿದು ಲೆಕ್ಕ ಮಾಡಿದರೆ ರೋಧ 807 ಓಮ್ ಹತ್ತಿರ ಬರುತ್ತದೆ. ಇನ್ನೂರೈವತ್ತು ರೂಪಾಯಿಯ ಮಲ್ಟಿಮೀಟರ್ ಹಿಡಿದರೆ ಅರವತ್ತರ ಆಸುಪಾಸು ತೋರಿಸಿತು. ಮಕ್ಕಳು ಮೀಟರ್ ಕೆಟ್ಟಿದೆ ಅಂದರು, ಇನ್ನೊಂದು ತರಿಸಿದರು, ಅದೂ ಅಷ್ಟೇ. ಫಿಲಮೆಂಟ್ ತಣ್ಣಗಿದ್ದಾಗ ರೋಧ ಕಡಿಮೆ, ಉರಿಯುವಾಗ ಹತ್ತು ಪಟ್ಟಿಗೂ ಜಾಸ್ತಿ ಅನ್ನುವುದನ್ನು ನಾನು ಹೇಳಲಿಲ್ಲ. ಒಂದು ಗುಂಪು ಎರಡು ದಿನ ಜಗಳಾಡಿ ತಾನೇ ಅಲ್ಲಿಗೆ ಬಂತು. ಪರೀಕ್ಷೆಗೆ ಇದರಿಂದ ಅರ್ಧ ಅಂಕವೂ ಇಲ್ಲ. ಆದರೆ ಆ ಗುಂಪಿನವರು ಆಮೇಲೆ ವಿದ್ಯುಚ್ಛಕ್ತಿ ಪಾಠದಲ್ಲಿ ಬೇರೆಯವರ ಮಾತು ನಂಬುವುದನ್ನೇ ಬಿಟ್ಟರು.

ಹೆಸ್ಕಾಂ ಕರೆಂಟ್ ಬಿಲ್ ತರಲು ಹೇಳಿದಾಗ ಅರ್ಧ ಮಕ್ಕಳು "ನಮ್ಮದು ಬಿಲ್ ಬರೂದಿಲ್ರಿ, ಫ್ರೀ" ಅಂದರು. ಗೃಹಜ್ಯೋತಿಯಲ್ಲಿ ರೊಕ್ಕ ಸೊನ್ನೆ ಇರಬಹುದು, ಯುನಿಟ್ ಸೊನ್ನೆ ಅಲ್ಲವಲ್ಲ. ಮನೆಯ ಫ್ಯಾನು, ಟಿವಿ, ಮಿಕ್ಸರ್ ಎಲ್ಲದರ ವ್ಯಾಟ್ ಬರೆದು, ಗಂಟೆ ಹಾಕಿ, ಯುನಿಟ್ ತೆಗೆದು ಬಿಲ್ಲಿನ ಜೊತೆ ತಾಳೆ ನೋಡಬೇಕು. ಒಬ್ಬಳದು ಬಿಲ್ಲಿಗಿಂತ ಎರಡು ಪಟ್ಟು ಬಂತು. ಫ್ರಿಜ್ಜನ್ನು ಇಪ್ಪತ್ನಾಲ್ಕು ಗಂಟೆಯೂ ಪೂರ್ತಿ ಓಡಿಸಿದ್ದಳು. ಕಂಪ್ರೆಸರ್ ಆಗಾಗ ನಿಲ್ಲುತ್ತದೆ ಅಂತ ರಾತ್ರಿ ಎದ್ದು ಕೂತು ಕೇಳಿಸಿಕೊಂಡು ಬಂದಳು!

ಇನ್ನೊಂದು, ಕಪ್ಪತಗುಡ್ಡದ ಗಾಳಿ ಗಿರಣಿ ತೋರಿಸಿ ಜನರೇಟರ್ ಹೇಳಿಕೊಡುವ ಆಸೆ ಇತ್ತು. ಟೆಂಪೋ ಬಾಡಿಗೆ ಕೇಳಿ ಆಸೆ ಇಳಿಯಿತು. ಬದಲಿಗೆ ಮುರಿದ ಆಟಿಕೆ ಕಾರಿನ ಮೋಟರ್ ತಗೊಂಡೆವು. ಕೈಯಲ್ಲಿ ತಿರುಗಿಸಿದರೆ ಎಲ್‌ಇಡಿ ಜಪ್ಪಯ್ಯ ಅನ್ನಲಿಲ್ಲ. ಗುಂಪಿನಲ್ಲಿ ಬೆಟಗೇರಿಯ ನೇಕಾರರ ಮನೆಯ ಹುಡುಗ ಇದ್ದ. ಮನೆಯಲ್ಲಿ ಕಂಡಿಕೆಗೆ ನೂಲು ಸುತ್ತುವ ರಾಟಿ ಇದೆ ಅಂದ. ದೊಡ್ಡ ಗಾಲಿಯ ದಾರವನ್ನು ಮೋಟರಿನ ಕಡ್ಡಿಗೆ ಹಾಕಿ ಅವನ ಅಜ್ಜಿ ಒಂದು ಸುತ್ತು ತಿರುಗಿಸಿದರು, ಕೆಂಪು ಎಲ್‌ಇಡಿ ಝಗ್ ಅಂತ ಹತ್ತಿತು. ಬಿಳಿಯದು ಹತ್ತಲಿಲ್ಲ, ಅದಕ್ಕೆ ವೋಲ್ಟೇಜ್ ಜಾಸ್ತಿ ಬೇಕು. "ಇನ್ನೂ ಜೋರ ತಿರಗಸ್ಲೇನು?" ಅಂತ ಅಜ್ಜಿ ಕೇಳಿದರು, ದಾರ ಹರಿಯಿತು.

2024ರಲ್ಲಿ ಪರೀಕ್ಷಾ ಕೊಠಡಿಗೆ ವೆಬ್‌ಕಾಸ್ಟಿಂಗ್ ಬಂತು, ಅಂದರೆ ಕ್ಯಾಮೆರಾದಲ್ಲಿ ನೇರ ನಿಗಾ. ರಾಜ್ಯದ ಫಲಿತಾಂಶ ಹಿಂದಿನ ವರ್ಷದ ಶೇ. 83ರಿಂದ 73ಕ್ಕೆ ಬಿತ್ತು, ಅದೂ ಗ್ರೇಸ್ ಅಂಕ ಹೆಚ್ಚಿಸಿದ ಮೇಲೆ. ಪಾಲಕರಿಗೆ ಆಗ ದಿಗಿಲು ಹತ್ತಿತು. ಪಕ್ಕದವನ ಹಾಳೆ ನೋಡಿ ಬರೆಯುವ ಭರವಸೆ ಹೋಯಿತಲ್ಲ. ನನ್ನ ಮಕ್ಕಳು ಒಬ್ಬೊಬ್ಬರೇ ನಿಂತು ಲೆಕ್ಕ ಮಾಡಿ ರೂಢಿ ಆಗಿದ್ದರಿಂದ ಅವರಿಗೆ ಕ್ಯಾಮೆರಾ ಇದ್ದರೂ ಅಷ್ಟೇ, ಇಲ್ಲದಿದ್ದರೂ ಅಷ್ಟೇ. ಪೂರ್ವಸಿದ್ಧತಾ ಪರೀಕ್ಷೆಯ ಪತ್ರಿಕೆ ತರಿಸಿ ನೋಡುತ್ತೇನೆ. ಫಿಸಿಕ್ಸ್ ಭಾಗದಲ್ಲಿ ಎಂಟೊಂಬತ್ತರಲ್ಲಿ ಇದ್ದವರು ಹದಿನೆಂಟು, ಇಪ್ಪತ್ತಕ್ಕೆ ಬಂದಿದ್ದಾರೆ. ಜಾಣರದ್ದು ಮೂರ್ನಾಲ್ಕು ಅಂಕ ಅಷ್ಟೇ ಏರಿದೆ, ಅವರಿಗೆ ಏರಲು ಜಾಗವೂ ಅಷ್ಟೇ ಇತ್ತು. ಬಯಾಲಜಿಗೆ ಇದನ್ನೇ ಮಾಡಿ ನೋಡಿದೆ, ನಡೆಯಲಿಲ್ಲ. ಹೃದಯದ ಚಿತ್ರದಲ್ಲಿ ಸಾಲು ಹಿಡಿದು ತಪ್ಪು ಹುಡುಕುವುದಕ್ಕೆ ಏನಿದೆ? ಕೆಮಿಸ್ಟ್ರಿಯಲ್ಲಿ ಸಮೀಕರಣ ಸರಿದೂಗಿಸುವುದಕ್ಕೆ ಮಾತ್ರ ಚೆನ್ನಾಗಿ ಕೂರುತ್ತದೆ.

ಈಗ ಒಂದು ಬ್ಯಾಚಿಗೆ ಹದಿನಾರೇ ಮಂದಿ, ನಾಲ್ಕು ಗೋಡೆಗೆ ನಾಲ್ಕು ಗುಂಪು. ಎರಡು ಬ್ಯಾಚ್ ನಡೆಯುತ್ತಿವೆ. ಫೀ ಏಳುನೂರು ಮಾಡಿದ್ದೇನೆ, ಚೌಕಾಸಿ ಮಾಡುವವರು ಕಡಿಮೆ ಆಗಿದ್ದಾರೆ. ಹೋದ ರೊಕ್ಕ ಪೂರ್ತಿ ವಾಪಸ್ ಬಂದಿದೆ ಅಂತ ಹೇಳಲಾರೆ, ಹತ್ತಿರ ಬಂದಿದೆ. ಬೆಳಕಿನ ಪಾಠದ ತಪ್ಪು ಹಾಳೆಗಳನ್ನು ಕೇಳಿದವರಿಗೆಲ್ಲ ಕೊಟ್ಟಿದ್ದೇನೆ, ಝೆರಾಕ್ಸ್ ಖರ್ಚು ನಿಮ್ಮದು. ವಿದ್ಯುಚ್ಛಕ್ತಿಯವು ಬೇಕಾದರೆ ಮೊದಲು ನಿಮ್ಮ ಮಕ್ಕಳು ಮಾಡಿದ ತಪ್ಪುಗಳ ಹಾಳೆ ತಂದು ಕೊಡಿ, ಆಮೇಲೆ ಮಾತಾಡೋಣ.