ವಾರಕ್ಕೊಂದೇ ಪ್ರಶ್ನೆ: ಮಕ್ಕಳ ಜೊತೆ ನಮ್ಮ ಶನಿವಾರಗಳು

ಮಗನಿಗೆ 9 ವರ್ಷ, ಮಗಳಿಗೆ 6. ಮೊದಲೆಲ್ಲ ಶನಿವಾರ ಬಂತೆಂದರೆ ಅಭ್ಯಾಸದ ಹಾಳೆಗಳನ್ನು ಪ್ರಿಂಟ್ ಮಾಡಿ ಇಬ್ಬರ ಮುಂದೆ ಇಡುತ್ತಿದ್ದೆ. ಅರ್ಧ ಗಂಟೆಯೊಳಗೆ ಮಗನ ಮುಖ ಸಪ್ಪಗಾಗುತ್ತಿತ್ತು. ಮಗಳು ನೀರು ಕುಡಿಯುವ ನೆಪ ಹೇಳಿ ಎದ್ದು ಹೋಗುತ್ತಿದ್ದಳು. ವಾರವಿಡೀ ಶಾಲೆ, ರಜೆಯಲ್ಲೂ ಅದೇ ಶಾಲೆ ಅಂದರೆ ಯಾರಿಗೆ ತಾನೇ ಇಷ್ಟವಾಗುತ್ತದೆ?

ಒಂದು ದಿನ ಹಾಳೆಗಳನ್ನೆಲ್ಲ ಎತ್ತಿಟ್ಟೆ. ಈಗ ವಾರಕ್ಕೆ ಒಂದೇ ಪ್ರಶ್ನೆ. ಉತ್ತರ ಗೊತ್ತಿದ್ದರೂ ನಾನು ಹೇಳುವಂತಿಲ್ಲ. ಮೊದಲು ಎಲ್ಲರೂ ತಮ್ಮ ಊಹೆ ಬರೆಯಬೇಕು, ಆಮೇಲೆ ಮಾಡಿ ನೋಡಬೇಕು. ಬರೆಯದೇ ಇದ್ದರೆ ಕೊನೆಗೆ "ನಾನೂ ಹಾಗೇ ಅಂದ್ಕೊಂಡಿದ್ದೆ" ಅಂದುಬಿಡುತ್ತಾರೆ. ದೊಡ್ಡವರೂ ಅಷ್ಟೇ, ಅಲ್ವಾ? ಬರೆದಿಟ್ಟರೆ, ಎಲ್ಲಿ ತಪ್ಪಿತು ಅಂತ ಮಕ್ಕಳೇ ಹುಡುಕಲು ಕೂರುತ್ತಾರೆ.

ನನಗೆ ತುಂಬ ಖುಷಿ ಕೊಟ್ಟದ್ದು ಬೀಗ ತೂಗಿದ ಶನಿವಾರ. ದಾರಕ್ಕೆ ಒಂದು ಬೀಗ ಕಟ್ಟಿ ಬಾಗಿಲ ಚೌಕಟ್ಟಿಗೆ ಇಳಿಬಿಟ್ಟೆವು. ದಾರ ಕಟ್ಟಿದ ಜಾಗದಿಂದ ಬೀಗದ ನಡುಮಧ್ಯಕ್ಕೆ 25 ಸೆಂಟಿಮೀಟರ್. ಭಾರ ಜಾಸ್ತಿ ಮಾಡಿದರೆ ಬೀಗ ಬೇಗ ತೂಗುತ್ತದಾ? ಇದು ಆ ವಾರದ ಪ್ರಶ್ನೆ. "ಹೌದು" ಅಂತ ಮಗ ದೊಡ್ಡದಾಗಿ ಬರೆದ. ಬೀಗವನ್ನು ಸ್ವಲ್ಪವೇ ಎಳೆದು ಬಿಟ್ಟೆವು. ಹೋಗಿ ಬಂದದ್ದನ್ನು ಎಣಿಸುವುದು ಮಗಳ ಕೆಲಸ, ಸ್ಟಾಪ್‌ವಾಚ್ ಮಗನ ಕೈಯಲ್ಲಿ. 10 ಸಲ ತೂಗಲು ಹತ್ತಿರ ಹತ್ತಿರ 10 ಸೆಕೆಂಡ್ ಆಯಿತು.

ಇನ್ನೊಂದು ಬೀಗವನ್ನು ಮೊದಲನೆಯದಕ್ಕೇ ಸಿಕ್ಕಿಸಿ ಕೆಳಗೆ ನೇತುಹಾಕಿದೆವು. ಈ ಸಲ ಹತ್ತೂವರೆ ಸೆಕೆಂಡ್ ದಾಟಿತು. ಮಗ ಗೊಂದಲದಲ್ಲಿ ಬಿದ್ದ. ಭಾರ ಹೆಚ್ಚಿದರೆ ನಿಧಾನವಾಗುತ್ತದಾ? ಉತ್ತರ ನನ್ನ ನಾಲಿಗೆ ತುದಿಗೆ ಬಂದಿತ್ತು. ತಡೆದುಕೊಂಡೆ. ಅವನು ನೆಲದ ಮೇಲೆ ಕೂತು ಬೀಗಗಳನ್ನೇ ನೋಡುತ್ತಿದ್ದ. ಸ್ವಲ್ಪ ಹೊತ್ತಾದ ಮೇಲೆ, "ಅಮ್ಮಾ, ಎರಡನೇ ಬೀಗ ಕೆಳಗಿದೆ, ಉದ್ದಾನೂ ಜಾಸ್ತಿ ಆಯ್ತಲ್ಲ!" ಅಂದ. ಎರಡು ಬೀಗಗಳನ್ನೂ ಅಕ್ಕಪಕ್ಕ ಒಂದೇ ಎತ್ತರಕ್ಕೆ ಕಟ್ಟಿ ಮತ್ತೆ ತೂಗಿದೆವು. ಮತ್ತೆ 10 ಸೆಕೆಂಡ್.

ಆಮೇಲೆ ಅವನನ್ನು ನಿಲ್ಲಿಸುವವರೇ ಇಲ್ಲ. ದಾರವನ್ನು 1 ಮೀಟರ್ ಮಾಡಿದ. ಉದ್ದ 4 ಪಟ್ಟು, ಹಾಗಾದರೆ ಸಮಯ 40 ಸೆಕೆಂಡ್ ಅಂತ ಬರೆದ. ಬಂದದ್ದು 20. ನಂಬಿಕೆ ಬರದೆ ಮೂರು ಸಲ ಅಳೆದ. ಸಮಯ ದುಪ್ಪಟ್ಟು ಆಗಬೇಕಾದರೆ ಉದ್ದ 4 ಪಟ್ಟು ಆಗಬೇಕು ಅನ್ನೋದು ಅವನಿಗೆ ಹೀಗೆ ಸಿಕ್ಕಿತು. 1656ರಲ್ಲಿ ಹೈಗನ್ಸ್ ಎಂಬ ವಿಜ್ಞಾನಿ ಇಂಥ ಲೋಲಕವನ್ನೇ ಇಟ್ಟು ಗಡಿಯಾರ ಮಾಡಿದ ಕಥೆಯನ್ನು ಆಗ ಹೇಳಿದೆ. ಮೊದಲೇ ಹೇಳಿದ್ದರೆ ಅಷ್ಟು ಕಿವಿಗೊಟ್ಟು ಕೇಳುತ್ತಿರಲಿಲ್ಲ.

ಕೆಟ್ಟುಹೋದ ವಾರವೂ ಇದೆ. ಅಂಗಳದಲ್ಲಿ ಕೋಲು ನೆಟ್ಟು ಗಂಟೆಗೊಮ್ಮೆ ನೆರಳಿನ ತುದಿಗೆ ಸೀಮೆಸುಣ್ಣದ ಗುರುತು ಹಾಕುವುದಿತ್ತು. ನೆರಳು ಯಾವಾಗ ಎಲ್ಲಕ್ಕಿಂತ ಚಿಕ್ಕದು? 12 ಗಂಟೆಗೆ ಅಂತ ಇಬ್ಬರೂ ಬರೆದಿದ್ದರು. ಸೂರ್ಯ ನೆತ್ತಿಗೆ ಬರುವ ಹೊತ್ತು ಗಡಿಯಾರದ 12ಕ್ಕೇ ಸರಿಹೊಂದಬೇಕಿಲ್ಲ. ಅದನ್ನು ಅವರೇ ಕಂಡುಕೊಳ್ಳಬೇಕಿತ್ತು. ನಾನು 11 ಗಂಟೆಗೇ ಬಾಯಿಬಿಟ್ಟೆ. ಮುಂದಿನ ಗುರುತು ಹಾಕಲು ಇಬ್ಬರೂ ಬರಲಿಲ್ಲ. ನನಗೆ ನಿಜಕ್ಕೂ ಬೇಜಾರಾಯಿತು.

ಈಗ ಶುಕ್ರವಾರ ರಾತ್ರಿ ಮಕ್ಕಳು ಮಲಗಿದ ಮೇಲೆ ನಾನೊಬ್ಬಳೇ ಒಮ್ಮೆ ಮಾಡಿ ನೋಡುತ್ತೇನೆ. ಬೇಕಾದ ಸಾಮಾನು ಒಂದು ಪೆಟ್ಟಿಗೆಯಲ್ಲಿರುತ್ತದೆ: ದಾರ, ಅಳತೆ ಟೇಪ್, ಸೀಮೆಸುಣ್ಣ, ಊಹೆಯ ಪುಸ್ತಕ. ಬೆಳಿಗ್ಗೆ ಒಂದೂವರೆ ಗಂಟೆ ಸಾಕು. ಬೇಡ ಅಂದರೆ ಅಲ್ಲಿಗೇ ಬಿಡುತ್ತೇವೆ. ಕೆಲವು ಶನಿವಾರ ಏನೂ ಮಾಡದೆ ಸುಮ್ನೆ ಆಡುತ್ತಾರೆ, ಅದೂ ಬೇಕು.

ಮುಂದಿನ ಪ್ರಶ್ನೆ ಮಗಳದು. ಚಂದ್ರ ದಿನಾ ಒಂದೇ ಹೊತ್ತಿಗೆ ಬರ್ತಾನಾ? ದಿನಕ್ಕೆ ಸುಮಾರು 50 ನಿಮಿಷ ತಡ ಅಂತ ನನಗೆ ಗೊತ್ತು. ಅವಳು "ಹೌದು" ಅಂತ ಬರೆದಿದ್ದಾಳೆ, ಪಕ್ಕದಲ್ಲಿ ಒಂದು ಚಂದ್ರನನ್ನೂ ಬಿಡಿಸಿದ್ದಾಳೆ.